ಬೋರಲು ಹಾಕಿದ ಹೆಂಚು

ಮಸ್ಕಿ
ಪಾರ್ಥಿವ ಸಂವತ್ಸರ, ಫಾಲ್ಗುಣ ಶುದ್ಧ ದಶಮಿ

ಚಿರಂಜೀವಿ ಸೌಭಾಗ್ಯವತಿ ಕನಕಮ್ಮನಿಗೆ,

ನಿನ್ನ ಚಿಗವ್ವನ ಆಶೀರ್ವಾದ. ನಾವು ಇಲ್ಲಿ ಚೆನ್ನಾಗಿದ್ದೇವೆ. ನೀನು, ಅಳಿಯಂದಿರು, ಮಗು ಚೆನ್ನಾಗಿದ್ದೀರೆಂದು ಗಾಡಿ ಹೊಡೆಯುವ ಗೌಸ್‌ಸಾಬನಿಂದ ತಿಳಿದು ಸಮಾಧಾನವಾಯಿತು. ಚಿಗವ್ವ ಲಿಂಗಸುಗೂರನ್ನು ಮರೆತೇಬಿಟ್ಟಳು ಎಂದು ನೀನು ಮುಖ ಊದಿಸಿಕೊಂಡಿದ್ದೀಯೆಂದೂ ಅವನೇ ಹೇಳಿದ. ಊದಿಸಿಕೋ, ನಿನಗೆ ಹಕ್ಕಿದೆ. ಮೊದಲು ನನ್ನ ಮಗಳು ಹಂಪಮ್ಮನ ನಿಶ್ಚಯದ ಓಡಾಟ, ಅದು ಮುಗಿಯುವಷ್ಟರಲ್ಲಿ ಲೇವಿಯ ಜೋಳ ಅಳೆಯುವ ಸರ್ಕಾರದವರು ಬಂದು ಕಣದಲ್ಲಿ ಕೂತರು. ಇವತ್ತು ಎಲ್ಲರನ್ನೂ ಸಾಗಹಾಕಿ ಬರೆಯಲು ಕುಳಿತಿದ್ದೇನೆ. ನನ್ನ ಅಕ್ಷರ ನೋಡಿ ನಗಬೇಡ, ಮಠದ ಅಯ್ಯನವರು ಕಲಿಸಿದ್ದು ಇಷ್ಟೇ. ನಿನ್ನ ಕಾಕನಿಗೆ ಬರೆಯಲು ಹೇಳಿದರೆ ಉರ್ದುವಿನಲ್ಲಿ ಬರೆದುಕೊಟ್ಟಾರು, ಅದನ್ನು ಓದಿಸಿಕೊಳ್ಳಲು ನೀನು ತಹಸೀಲ ಕಚೇರಿಗೆ ಹೋಗಬೇಕಾದೀತು.

ಹಂಪಮ್ಮನ ನಿಶ್ಚಯ ಆಯಿತು. ಹುಡುಗ ಜವಳಗೇರಾದ ದೊಡ್ಡಬಸಪ್ಪನವರ ಮಗ, ದುಡಿಯುವವನು, ಮಾತು ಮೆತ್ತಗೆ. ಆದರೆ ಆ ನಿಶ್ಚಯ ಆದ ರೀತಿ ಕೇಳಿದರೆ ನೀನು ಕೂತಲ್ಲಿಂದ ಎದ್ದೇಳುತ್ತೀ.

ನನ್ನ ಮಗ ಪಂಪಣ್ಣನ ಹೆಂಡತಿ ಪೀರಮ್ಮನನ್ನು ನೀನು ಮದುವೆಯಲ್ಲಿ ನೋಡಿದ್ದಷ್ಟೇ. ವಳಕಮದಿನ್ನಿಯ ಹುಡುಗಿ, ಬಾಯಿ ಕಡಿಮೆ, ಕೈ ಚುರುಕು. ನಮ್ಮ ಮನೆಯವರ ಅಕ್ಕ ಜೋಗಮ್ಮನಿಗೆ ಬಾಯಿ ಕಡಿಮೆಯಿದ್ದವರನ್ನು ಕಂಡರಾಗುವುದಿಲ್ಲ. ಒಳಗೊಳಗೇ ಏನೋ ಮಸೆಯುತ್ತಾಳೆ ಎಂದು ಬಂದ ದಿನದಿಂದ ಗೊಣಗುತ್ತಿದ್ದಳು.

ನಿಶ್ಚಯದ ದಿನ ಬೆಳಿಗ್ಗೆ ಪೀರಮ್ಮ ದೊಡ್ಡ ಬಾಣಲಿಯಲ್ಲಿ ಕರ್ಚಿಕಾಯಿ ಕರಿಯುತ್ತಿದ್ದಳು. ಬೀಗರ ಗಾಡಿಗಳು ಊರ ಅಗಸಿಬಾಗಿಲಿಗೆ ಬಂದವೆಂದು ಯಾರೋ ಕೂಗಿದರು. ಜೋಗಮ್ಮನಿಗೆ ಅವಸರ. ಉರಿ ಸಾಲದೆಂದು ಒಣಗಿದ ಹತ್ತಿಕಟ್ಟಿಗೆಯನ್ನು ತೆಕ್ಕೆಗಟ್ಟಲೆ ಒಲೆಗೆ ತುರುಕಿದಳು. ಎಣ್ಣೆ ಹೊಗೆಯಾಡಿತು. ಪೀರಮ್ಮ ಸಾಕು ಅನ್ನುವಷ್ಟರಲ್ಲಿ ಬಾಣಲಿಯ ತುಂಬ ಬೆಂಕಿ. ವೀಳ್ಯದೆಲೆ ತೊಳೆಯುತ್ತಿದ್ದ ನಾನು ಓಡಿಬಂದು ನೋಡಿದರೆ ಉರಿ ಮಾಳಿಗೆಯ ಜಂತಿ ಮುಟ್ಟುವಂತಿದೆ, ಜೋಗಮ್ಮ ನೀರಿನ ಕೊಡ ಎತ್ತಿ ನಿಂತಿದ್ದಾಳೆ. ಕನಕಾ, ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಪೀರಮ್ಮ ಕೊಡಕ್ಕೆ ಅಡ್ಡ ನಿಂತಳು. "ನೀರ ಬ್ಯಾಡ್ರಿ ಅತ್ತಿ, ಎಣ್ಣಿ ಸಿಡದು ಮೈಮ್ಯಾಲೆ ಬರತೈತಿ," ಅಂದಳು. ಮುಚ್ಚಳಕ್ಕೆ ಸುತ್ತ ನೋಡಿದಳು. ಕರಿಯುವ ಬಾಣಲಿಗೆ ಮುಚ್ಚಳ ಯಾರ ಮನೆಯಲ್ಲಿದೆ ಹೇಳು. ಗೋಡೆಗೆ ಒರಗಿಸಿದ್ದ ರೊಟ್ಟಿಯ ಹೆಂಚನ್ನು ಎರಡೂ ಕೈಯಲ್ಲಿ ಹಿಡಿದು, ಮುಖ ಹಿಂದಕ್ಕೆ ತಿರುಗಿಸಿ, ಪಕ್ಕದಿಂದ ಸರಿಸಿ ಬಾಣಲಿಯ ಮೇಲೆ ಬೋರಲು ಹಾಕಿಬಿಟ್ಟಳು. ಆಮೇಲೆ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದು ಬೂದಿ ಸುರಿದಳು. ಅಷ್ಟು ದೊಡ್ಡ ಉರಿ ಹೆಂಚಿನ ಕೆಳಗೆ ಸದ್ದಿಲ್ಲದೆ ಅಡಗಿತು.

ಬೆಂಕಿ ಆರಿತು, ಜೋಗಮ್ಮ ಹೊತ್ತಿಕೊಂಡಳು. ನಮ್ಮ ಕಡೆ ಹೆಂಚು ಬೋರಲು ಹಾಕುವುದು ಯಾವಾಗ ಎಂದು ನಿನಗೆ ನಾನು ಹೇಳಬೇಕಿಲ್ಲ. ಹೆಣ ಎತ್ತಿದ ಮನೆಯಲ್ಲಿ ಅಲ್ಲದೆ ಅದು ಬೋರಲಾಗುವುದಿಲ್ಲ. ಶುಭದ ದಿನ ಹೀಗೆ ಮಾಡಿದಳೆಂದು ಬೀಗರಿಗೆ ಗೊತ್ತಾದರೆ ಎದ್ದು ಹೋಗುತ್ತಾರೆ, ಹಂಪಮ್ಮನನ್ನು ಮುಂದೆ ಯಾರೂ ಕೇಳುವುದಿಲ್ಲ, ಈ ಕೆಟ್ಟ ಕಾಲಿನವಳನ್ನು ಹಿತ್ತಲಿನಿಂದಲೇ ತೌರಿಗೆ ಸಾಗಿಸಿ, ಇನ್ನು ಕರೆಯಬೇಡಿ ಎಂದು ಹಣೆ ಹಣೆ ಬಡಿದುಕೊಂಡಳು. ಪಂಪಣ್ಣನಿಗೆ ಗಾಡಿ ಹೂಡು ಅಂದಳು. ಪಂಪಣ್ಣ ಅಪ್ಪನ ಮುಖ ನೋಡಿದ. ನಿನ್ನ ಕಾಕ ತಮ್ಮ ರುಮಾಲಿನ ಚುಂಗನ್ನು ನೋಡಿಕೊಂಡರು. ಗಂಡಸರ ಶೌರ್ಯ ಅಷ್ಟಕ್ಕೇ ನಿಂತಿತು. ಪೀರಮ್ಮ ಗೋಡೆಗೆ ಒರಗಿ ನಡುಗುತ್ತಿದ್ದಳು. ಬೆಂಕಿಯ ಎದುರು ನಡುಗದವಳು ಗಾಡಿಯ ಮಾತು ಕೇಳಿ ನಡುಗುತ್ತಿದ್ದಳು.

ನನಗೆ ಮೈಯೆಲ್ಲ ಉರಿಯಿತು. "ಪೀರವ್ವ ಗಾಡಿ ಹತ್ತಿದ್ರ ಅಕೀ ಮಗ್ಗಲಕ ನಾ ಕುಂಡ್ರತೀನಿ. ಬೀಗರಿಗೆ ಅಡಗಿ ನೀವು ಮಾಡ್ಕೋರಿ," ಅಂದೆ. ಅಷ್ಟರಲ್ಲಿ ಬೀಗರು ಪಡಸಾಲೆಗೆ ಬಂದು ಕಂಬಳಿಯ ಮೇಲೆ ಕೂತೂ ಆಯಿತು.

ಸೊಸೆಯನ್ನು ಕಳಿಸಲಾಗಲಿಲ್ಲ, ಹೆಂಚನ್ನಾದರೂ ಮರೆ ಮಾಡೋಣ ಎಂದು ಜೋಗಮ್ಮನಿಗೆ ಹೊಳೆದಿರಬೇಕು. ಇಕ್ಕಳ ಹಿಡಿದು ಒಲೆಯ ಕಡೆ ಹೋದಳು. ಎಣ್ಣೆ ಇನ್ನೂ ಕಾದಿದೆ, ಗಾಳಿ ತಗುಲಿದರೆ ಮತ್ತೆ ಹತ್ತುತ್ತದೆ ಎಂದು ಪೀರಮ್ಮ ಬೇಡಿಕೊಂಡಳು. ಕೇಳುವವರಾರು? ಹೆಂಚು ಎತ್ತಿದ್ದೇ ತಡ, ಉರಿ ಭಗ್ಗನೆ ಎದ್ದಿತು. ಹೆಂಚು ಕೈಯಿಂದ ಜಾರಿ ಬಿತ್ತು, ಸೆರಗಿನ ತುದಿಗೆ ಕಿಡಿ ಹತ್ತಿತು, ಜೋಗಮ್ಮ ಬಾಗಿಲ ಕಡೆ ಓಡಿದಳು. ಓಡಿದರೆ ಉರಿ ಏರುತ್ತದೆ. ನಾನು ಅವಳ ರಟ್ಟೆ ಹಿಡಿದು ನೆಲಕ್ಕೆ ಕೆಡವಿ, ಮೂಲೆಯ ಕಂಬಳಿ ಸುತ್ತಿ ಉರುಳಿಸಿದೆ. ಬಹಳ ವರ್ಷಗಳಿಂದ ಮನಸ್ಸಿನಲ್ಲಿದ್ದ ಕೆಲಸ ಹೀಗೆ ಪುಣ್ಯದ ರೂಪದಲ್ಲಿ ಕೈಗೂಡಿತು. ನಗು, ನಾನೂ ನಗುತ್ತಿದ್ದೇನೆ.

ಆ ಕಂಬಳಿಯ ಒಳಗಿಂದ ಜೋಗಮ್ಮ ಇಡೀ ಓಣಿಗೆ ಕೇಳುವಂತೆ ಏನು ಕೂಗಿದಳು ಗೊತ್ತೇ? "ಬೋರಲ ಹಾಕ ಪೀರವ್ವಾ, ಹೆಂಚ ಬೋರಲ ಹಾಕ ಬೇ!"

ಪೀರಮ್ಮ ಬಟ್ಟೆಯಲ್ಲಿ ಹೆಂಚು ಹಿಡಿದು ಎರಡನೆಯ ಸಲ ಬೋರಲು ಹಾಕಿದಳು. ನಾನು ತಲೆ ಎತ್ತಿ ನೋಡಿದರೆ ದೊಡ್ಡಬಸಪ್ಪನವರು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದಾರೆ, ಹಿಂದೆ ಬೀಗರೆಲ್ಲ. ಅವರ ಕಣ್ಣು ಹೆಂಚಿನ ಮೇಲೆ. ಹಂಪಮ್ಮ ಕಂಬ ಹಿಡಿದುಕೊಂಡು ಬೆಳ್ಳಗಾಗಿದ್ದಳು. ಮುಚ್ಚಿಡಲು ಇನ್ನೇನು ಉಳಿದಿತ್ತು? ನಾನು ಕೂದಲು ಕಟ್ಟಿಕೊಂಡು ಎದ್ದು ನಿಂತೆ.

"ಹೆಂಚು ಬೋರಲ ಆಗೈತ್ರಿ. ಮನಿ ನೆಟ್ಟಗ ಐತಿ. ನಿಮಗ ಯಾವುದು ದೊಡ್ಡದು ನೀವ ಹೇಳ್ರಿ," ಅಂದೆ.

ಅವರು ಜಂತಿಗೆ ಹತ್ತಿದ ಮಸಿ ನೋಡಿದರು, ಮೂಲೆಯಲ್ಲಿ ಒಟ್ಟಿದ ಹತ್ತಿಕಟ್ಟಿಗೆ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಪೀರಮ್ಮನನ್ನೇ ಕೇಳಿದರು, ಈ ಎಣ್ಣೆ ಆರಲು ಎಷ್ಟು ಹೊತ್ತು ಬೇಕು ಎಂದು. ಹೆಂಚು ಮುಟ್ಟಿದರೆ ತಣ್ಣಗಿರಬೇಕು, ಅಲ್ಲಿಯವರೆಗೆ ಯಾರೂ ತೆಗೆಯಬಾರದು ಅಂದಳು ಅವಳು, ತಲೆ ಎತ್ತದೆ.

"ಹಂಗಾದ್ರ ಆರಲಿ ಬಿಡವಾ. ಅಷ್ಟರಾಗ ನಾವು ಎಲಿ ಅಡಕಿ ಹಿಡದು ಮುಗಸೂಣು," ಅಂದರು ದೊಡ್ಡಬಸಪ್ಪನವರು.

ಒಲೆಯ ಮೇಲೆ ಹೆಂಚು ಬೋರಲಾಗಿ ಕೂತಿದ್ದಾಗಲೇ ನನ್ನ ಮಗಳ ನಿಶ್ಚಯ ಆಯಿತು, ಕನಕಾ. ಪೀರಮ್ಮನ ಕೈಯಿಂದಲೇ ಬೀಗರಿಗೆ ಎಲೆ ಅಡಿಕೆ ಕೊಡಿಸಿದೆ. ಯಾರು ತಡೆಯುತ್ತಾರೋ ನೋಡೋಣ ಎಂದು ನಡುವೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ. ಯಾರೂ ತಡೆಯಲಿಲ್ಲ.

ಜೋಗಮ್ಮನ ಎರಡು ಬೆರಳು ಸುಟ್ಟಿದ್ದವು. ಸುಟ್ಟದ್ದಕ್ಕೆ ಶಾಯಿಯೇ ಮದ್ದು, ನಿನ್ನ ಕಾಕನ ಶಾಯಿ ಕುಡಿಕೆ ತಂದು ಸುರಿಯಿರಿ ಎಂದು ಗೋಳಾಡಿದಳು. ಪೀರಮ್ಮ ಶಾಯಿ ಮುಟ್ಟಗೊಡದೆ ಬೆರಳನ್ನು ತಣ್ಣೀರಲ್ಲಿ ಹಿಡಿಸಿ, ಉರಿ ಇಳಿಯುವವರೆಗೂ ಎದುರಿಗೆ ಕೂತಳು. ಅಂದಿನಿಂದ ಜೋಗಮ್ಮನಿಗೆ ಪೀರವ್ವ ಇಲ್ಲದೆ ಹೊತ್ತು ಹೋಗುವುದಿಲ್ಲ. ಗುಡಿಕಟ್ಟೆಯಲ್ಲಿ ಕೂತು, ಉರಿಯುವ ಎಣ್ಣೆಗೆ ನೀರು ಹಾಕುತ್ತಾರೇನೇ ಹುಚ್ಚಿ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಾಳೆ. ತಾನೇ ಕಂಡುಹಿಡಿದಂತೆ!

ಕಮ್ಮಾರನಿಗೆ ಹೇಳಿ ಬಾಣಲಿಗೆ ಉದ್ದ ಹಿಡಿಕೆಯ ಕಬ್ಬಿಣದ ಮುಚ್ಚಳ ಮಾಡಿಸಿದ್ದೇನೆ. ನಮ್ಮ ಓಣಿಯಲ್ಲಿ ಈಗ ಮನೆಮನೆಗೂ ಒಂದು. ಗೌಸ್‌ಸಾಬನ ಗಾಡಿಯಲ್ಲಿ ನಿನಗೂ ಒಂದು ಬರುತ್ತಿದೆ. ಕೈಗೆ ಸಿಗುವ ಹಾಗೆ ಇಟ್ಟುಕೋ. ಬೆಂಕಿ ಹತ್ತಿದ ಬಾಣಲಿಯನ್ನು ಹೊರಗೆ ಒಯ್ಯಲು ಎತ್ತಬೇಡ, ಗಾಬರಿಯಲ್ಲಿ ಜೋಳದ ಹಿಟ್ಟು ಚೆಲ್ಲಬೇಡ, ಹಿಟ್ಟೂ ಹತ್ತಿಕೊಳ್ಳುತ್ತದೆ. ಉರಿ ಮುಚ್ಚುವ ಮಟ್ಟ ಮೀರಿದರೆ ಮನೆ ಹೋದರೆ ಹೋಗಲಿ, ಮಗುವನ್ನೆತ್ತಿಕೊಂಡು ಹೊರಗೆ ಬಾ.

ನಿನ್ನ ಮಗಳ ಹುಟ್ಟುಗೂದಲು ತೆಗೆಸುವ ಜವಳಕ್ಕೆ ದಿನ ನೋಡಿದ್ದೀರಂತೆ. ಪೀರಮ್ಮನನ್ನೂ ಕರೆದುಕೊಂಡು ಎರಡು ದಿನ ಮೊದಲೇ ಬರುತ್ತೇನೆ. ನಿನ್ನ ಮಡಿಲು ತುಂಬಿರಲಿ, ನಿನ್ನ ಒಲೆ ತಣ್ಣಗೆ ಉರಿಯಲಿ.

ನಿನ್ನ ಚಿಗವ್ವ,
ಆದೆಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನಿಮ್ಮವ್ವ ಒಲೆಯ ಬೆಂಕಿಯಲ್ಲಿ ಹೋದಳೆಂದು ನಿನಗೆ ಗೊತ್ತು. ಅದು ನಿನ್ನ ಜವಳದ ದಿನ. ನಾನು ನಿನ್ನನ್ನು ಎತ್ತಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಾಣಲಿ ಹತ್ತಿಕೊಂಡಾಗ ನನ್ನ ಅಕ್ಕ, ನಿಮ್ಮವ್ವ, ಮುಚ್ಚಲೆಂದೇ ಹೆಂಚು ಎತ್ತಿದಳು. ಎತ್ತಿದವಳು ನಿನ್ನ ಮುಖ ನೋಡಿದಳು. "ಬ್ಯಾಡ, ಕೂಸಿನ ದಿನ ಐತಿ," ಅಂದಳು. ಹೆಂಚನ್ನು ನೆಲದ ಮೇಲೆ ನೆಟ್ಟಗೆ ಇಟ್ಟು, ನೀರಿನ ಕೊಡ ಎತ್ತಿದಳು. ನಿನಗೆ ಕೇಡು ತಗುಲಬಾರದೆಂದು ಹೋದಳು ನಿಮ್ಮವ್ವ. ನಿನ್ನ ಮಗಳ ದಿನ ಹಾಗೇನಾದರೂ ಆದರೆ ಅವಳ ಮುಖ ನೋಡಬೇಡ, ಮುಚ್ಚು. ಕೂಸಿಗೆ ಅವ್ವ ಬೇಕು.