ಚಂದನಾಳ ಪತ್ರ ಯಾಕೆ ಬರಲಿಲ್ಲವೆಂದರೆ

ಕೊಟ್ಟೂರು,
೨೬-೧೧-೨೦೧೭, ಭಾನುವಾರ

ಪ್ರೀತಿಯ ಯಜಮಾನರಿಗೆ, ನಿಮ್ಮ ಕೊಟ್ರಬಸಮ್ಮ ಮಾಡುವ ಶರಣು.

ಹೇಗಿದ್ದೀರಿ? ಮೊಣಕಾಲು ನೋವು ಕಡಿಮೆಯಾಯಿತೇ? ಹೋದ ಸಲ ಕೊಟ್ಟು ಕಳಿಸಿದ ಎಣ್ಣೆ ಶೀಶೆ ಇನ್ನೂ ಹಾಗೇ ಇರಬೇಕು, ನಿಮ್ಮ ಹಣೆಬರಹ ನನಗೆ ಗೊತ್ತಿಲ್ಲವೇ. ಯವತಮಾಳದ ಕಡೆ ಚಳಿ ಶುರುವಾಗಿದೆ ಎಂದು ನಿಮ್ಮ ಜೊತೆಯವರ ಮನೆಯಲ್ಲಿ ಹೇಳಿದರು. ಬೋರ್ ಕೊರೆಯುವ ಲಾರಿಯ ಮೇಲೆ ಮಲಗಬೇಡಿ, ಕಿವಿಗೆ ಮಫ್ಲರ್ ಸುತ್ತಿಕೊಳ್ಳಿ. ಕೇಳಿಸದ ಕಿವಿಗೆ ಮಫ್ಲರ್ ಯಾಕೆ ಎಂದು ನೀವು ನಗುತ್ತೀರಿ. ಇಪ್ಪತ್ತು ವರ್ಷ ಆ ಕಂಪ್ರೆಸರ್ ಪಕ್ಕ ನಿಂತು ಕಿವಿಯನ್ನು ಬೋರಿನ ಬಾಯಿಗೆ ಹಾಕಿದಿರಿ, ಈಗ ನಗುವುದೊಂದು ಉಳಿದಿದೆ. ಎಲೆ ಅಡಿಕೆ ಕಡಿಮೆ ಮಾಡಿದ್ದೇನೆ ಎಂದು ಮೆಸೇಜು ಹಾಕಿದ್ದೀರಿ. ನಂಬಿದಂತೆ ಮಾಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಕಾಯಿಪಲ್ಲೆ ಅಂಗಡಿ ನಡೆಯುತ್ತಿದೆ. ಇವತ್ತು ಮಧ್ಯಾಹ್ನ ಗಿರಾಕಿ ಇಲ್ಲ, ಸೊಪ್ಪಿಗೆ ನೀರು ಚಿಮುಕಿಸಿ, ತಕ್ಕಡಿ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ಆದರೂ ಕೈಗೆ ಪೆನ್ನಿನ ರೂಢಿ ತಪ್ಪಿದೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ.

ಮೂರು ಸಲ ನಿಮ್ಮ ಮೆಸೇಜು ಬಂತು, ಚಂದನಾಳ ಪತ್ರ ಯಾಕಿಲ್ಲ, ಅಪ್ಪನ ಮೇಲೆ ಸಿಟ್ಟೇ ಎಂದು. ಮೂರು ಸಲವೂ ನಾನು ಕಂಪ್ಯೂಟರ್ ರಿಪೇರಿಗೆ ಕೊಟ್ಟಿದೆ ಎಂದು ಹಾಕಿದೆ. ಅದು ಸುಳ್ಳು. ಅವಳಿಗೆ ಸಿಟ್ಟಿಲ್ಲ. ಹತ್ತೊಂಬತ್ತು ವರ್ಷದ ಮಗಳು, ತಿಂಗಳಿಗೊಂದು ಪತ್ರ ತಪ್ಪದೆ ನಿಮಗೆ ಬರೆಯುತ್ತಿದ್ದವಳು, ಫೋನಿನಲ್ಲಿ ಎಷ್ಟು ಕೂಗಿದರೂ ಅಪ್ಪನಿಗೆ ಕೇಳುವುದಿಲ್ಲ ಎಂದೇ ಪತ್ರ ಹಿಡಿದವಳು. ಪೆನ್ನು ಹಿಡಿಯುವ ಶಕ್ತಿ ಹೋದ ಮೇಲೆ ನಯಾಜ ಕೊಟ್ಟ ಆ ಹಳೇ ಕಂಪ್ಯೂಟರಿನಲ್ಲಿ ಎರಡು ಬೆರಳಿನಿಂದ ಒತ್ತಿ ಒತ್ತಿ ಬರೆಯುತ್ತಿದ್ದಳು. ಮೊಬೈಲಿನ ಸಣ್ಣ ಗುಂಡಿ ಅವಳ ಬೆರಳಿಗೆ ಸಿಗುವುದಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಹೋದ ವರ್ಷ ಹೇಳಿದ್ದು ನಿಮಗೂ ನೆನಪಿದೆ. ನರದ ಈ ಕಾಯಿಲೆಗೆ ಔಷಧ ಇಲ್ಲ, ಕೈ ನಿಧಾನವಾಗಿ ಸೋಲುತ್ತದೆ, ಇರುವಷ್ಟು ದಿನ ಕೈಗೆ ಕೆಲಸ ಕೊಡಿ ಎಂದಿದ್ದರು. ನೀವು ಡಾಕ್ಟರ ಕೊನೆಯ ಮಾತು ಹಿಡಿಯಲಾಗದೆ ನನ್ನ ಕಡೆ ನೋಡಿದಿರಿ. ನಾನು ಅದನ್ನು ಒಂದು ಚೀಟಿಯ ಮೇಲೆ ಬರೆದು ತೋರಿಸಿದೆ. ಇರುವಷ್ಟು ದಿನ ಎಂದು ನಾನೇ ನನ್ನ ಕೈಯಾರೆ ಬರೆದವಳು. ಬರೆದವಳೇ ಮರೆತೆ.

ಆ ಹಳೇ ಕಂಪ್ಯೂಟರ್ ಜೂನ್ ಮೊದಲ ವಾರದಲ್ಲಿ ಸತ್ತಿತು. ನಯಾಜ ಗೊತ್ತಲ್ಲ, ಬಸ್ ಸ್ಟಾಂಡ್ ಹತ್ತಿರ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿಯವನು, ಚಂದನಾಳಿಗೆ ಲಗ್ನಪತ್ರಿಕೆ ಟೈಪು ಮಾಡುವ ಕೆಲಸ ಕೊಡುತ್ತಿದ್ದವನು. ಅವನೇ ಬಂದು ಬಿಚ್ಚಿ ನೋಡಿ ಇದರ ಕಥೆ ಮುಗಿಯಿತು ಎಂದ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ, "ಅಕ್ಕಾರ, ಹೊಸಾದು ತಗೊಳ್ಳೋದಿದ್ರ ಈ ತಿಂಗಳದಾಗ ತಗೋರಿ. ಜುಲೈ ಒಂದಕ್ಕ ಟ್ಯಾಕ್ಸ್ ಏರತೈತಿ. ಹಳೇ ಸ್ಟಾಕ್ ಇಪ್ಪತ್ತೊಂದು ಸಾವಿರಕ್ಕ ನಾನ ಕೊಡಿಸ್ತೀನಿ." ಯಜಮಾನರೇ, ದುಡ್ಡು ಇತ್ತು. ನೀವು ಮೇ ತಿಂಗಳಲ್ಲಿ ಕಳಿಸಿದ್ದು ಹಾಗೇ ಇತ್ತು. ದುಡ್ಡು ಇಲ್ಲದಿದ್ದರೆ ಬೇರೆ ಮಾತು, ಮನಸ್ಸಿಗೆ ಸಮಾಧಾನ ಇರುತ್ತಿತ್ತು. ನಾನು ಏನು ಮಾಡಿದೆ ಹೇಳಲೇ? ನಕ್ಕೆ. ನಾಳೆ ದರ ಏರುತ್ತದೆ, ಇವತ್ತೇ ತೆಗೆದುಕೊಳ್ಳಿ ಎಂದು ನಾನು ದಿನಾ ಟೊಮೆಟೊ ಮುಂದೆ ಇಟ್ಟುಕೊಂಡು ಹೇಳುವ ಮಾತು ಅದು. ನನ್ನ ಮಾತನ್ನು ನನಗೇ ಮಾರಲು ಬಂದನಲ್ಲ ಈ ಸಾಬರ ಹುಡುಗ ಎಂದುಕೊಂಡೆ. ಮೂವತ್ತೈದು ದಾಟಿದ ಮನುಷ್ಯ ಅವನು, ಎರಡು ಮಕ್ಕಳ ತಂದೆ, ನನಗೆ ಮಾತ್ರ ಹುಡುಗನಾಗಿ ಕಂಡ. ನೋಡೋಣಪ್ಪ ಎಂದು ಕಳಿಸಿಬಿಟ್ಟೆ.

ಜುಲೈ ಬಂತು. ಅವನು ಹೇಳಿದ್ದು ಹೇಳಿದ ಹಾಗೆ ಆಯಿತು. ಅದೇ ಕಂಪ್ಯೂಟರಿಗೆ ಇಪ್ಪತ್ಮೂರೂವರೆ ಸಾವಿರ. ನನ್ನ ಮೈ ಉರಿದುಹೋಯಿತು. ಒಂದು ರಾತ್ರಿ ಕಳೆದರೆ ಎರಡೂವರೆ ಸಾವಿರ ಏರುವುದಕ್ಕೆ ಅದೇನು ಬೆಳ್ಳುಳ್ಳಿಯೇ, ಉಳ್ಳಾಗಡ್ಡಿಯೇ? ನಯಾಜನನ್ನು ಬಿಟ್ಟು ಹಗರಿಬೊಮ್ಮನಹಳ್ಳಿಗೆ ಹೋದೆ. ಅಲ್ಲಿ ಕ್ರಾಂತಿಕುಮಾರ್ ಎಂಬವನ ದೊಡ್ಡ ಅಂಗಡಿ, ಒಳಗೆ ತಣ್ಣಗೆ ಗಾಳಿ, ಕೂರಲು ತಿರುಗುವ ಕುರ್ಚಿ. ಟ್ಯಾಕ್ಸ್ ನಿನ್ನ ಹತ್ತಿರ ಇರಲಿ ತಮ್ಮಾ, ಮಿಷಿನ್ನಿನ ದರ ಹೇಳು ಎಂದೆ. ಅವನು ಹಳೇ ಬಿಲ್ಲು ಹೊಸ ಬಿಲ್ಲು ಎರಡನ್ನೂ ಮುಂದಿಟ್ಟು ಬೆರಳು ಇಟ್ಟು ತೋರಿಸಿದ. ಕೊನೇ ಸಾಲಿನಲ್ಲಿ ಮೊದಲು ಐದೂವರೆ ಪರ್ಸೆಂಟು ಇದ್ದದ್ದು ಈಗ ಹದಿನೆಂಟು. "ಅಮ್ಮಾರ, ಇದು ನನ್ನ ಕಿಸೇಕ ಬರೋ ರೊಕ್ಕ ಅಲ್ರಿ. ಇದರಾಗ ಒಂದು ರೂಪಾಯಿ ಬಿಡಾಕ ನನಗ ಹಕ್ಕಿಲ್ಲ" ಎಂದ. ಎಷ್ಟು ಮರ್ಯಾದೆಯಿಂದ ಹೇಳಿದನೋ ಅಷ್ಟೇ ನನಗೆ ಸಿಟ್ಟು ಬಂತು. ಎದ್ದು ಹೊರಟೆ. ನನ್ನ ಲೆಕ್ಕ ನಿಮಗೆ ಗೊತ್ತಿದೆ, ಹತ್ತು ಹೆಜ್ಜೆ ಹೋದರೆ ಎಂಥವನೂ ಹಿಂದಿನಿಂದ ಕರೆಯುತ್ತಾನೆ. ನಾನೂ ಗಿರಾಕಿಯನ್ನು ಹಾಗೇ ಕರೆದವಳು. ಹಿಂದೆ ತಿರುಗಿ ನೋಡದೆ ಬಸ್ ಸ್ಟಾಂಡಿನವರೆಗೂ ನಡೆದೆ. ಯಾರೂ ಕರೆಯಲಿಲ್ಲ. ಮರುವಾರ ಹರಪನಹಳ್ಳಿಗೆ ಹೋದೆ. ಅಲ್ಲಿಯವನು ಇನ್ನೂ ಬೆರಕಿ, ಗೋಡೆಗೆ ಅಂಟಿಸಿದ್ದ ಕಾಗದ ತೋರಿಸಿ, "ಎಲ್ಲಾ ಕಡೆ ಒಂದೇ ರೇಟ್ ಐತಮ್ಮ, ಒಂದು ದೇಶ ಒಂದು ತೆರಿಗೆ" ಎಂದ. ಹಾಗಿದ್ದರೆ ಬಸ್ ಚಾರ್ಜು ಕೊಟ್ಟು ಊರೂರು ತಿರುಗಿದ್ದು ದಂಡವಾಯಿತಲ್ಲ. ಅವನಿಗೆ ನಾನು ಏನೆಂದೆನೋ ಇಲ್ಲಿ ಬರೆಯುವುದು ಬೇಡ.

ಕಾಯುತ್ತೇನೆ ಎಂದು ಹಟ ಹಿಡಿದೆ. ಸಂತೆಯಲ್ಲಿ ಬೆಳಗ್ಗೆ ಬಂದವರಿಗೆ ಒಂದು ದರ, ಹೊತ್ತು ಮುಳುಗುವ ತನಕ ಕಾದವರಿಗೆ ಅರ್ಧ ದರ. ಹದಿನೆಂಟು ವರ್ಷ ಇದನ್ನೇ ನೋಡಿದ್ದೇನೆ. ಸೊಪ್ಪು ಬಾಡುತ್ತದೆ, ಮಾರುವವರು ಸೋಲುತ್ತಾರೆ. ಸರಕಾರವೂ ಸೋಲುತ್ತದೆ ಎಂದುಕೊಂಡೆ. ದೀಪಾವಳಿಗೆ ಟ್ಯಾಕ್ಸ್ ಇಳಿಸುತ್ತಾರೆ ಎಂದು ಅಂಗಡಿ ಸಾಲಿನಲ್ಲಿ ಎಲ್ಲರೂ ಮಾತಾಡುತ್ತಿದ್ದರು. ಚಂದನಾಳೂ ನನ್ನನ್ನು ಒಂದು ದಿನ ಅವಸರ ಮಾಡಲಿಲ್ಲ. "ಇಳಿದ ಮ್ಯಾಲೆ ತರೋಣವ್ವಾ, ಎಲ್ಲೀಗೂ ಓಡಿ ಹೋಗಂಗಿಲ್ಲ ಅದು" ಎನ್ನುತ್ತಿದ್ದಳು. ಸತ್ತ ಕಂಪ್ಯೂಟರಿನ ಕೀಬೋರ್ಡನ್ನು ಎಸೆಯಲು ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡು ದಿನಾ ಸುಮ್ಮನೆ ಒತ್ತುತ್ತಿದ್ದಳು, ಬೆರಳು ಮರೆಯಬಾರದು ಎಂದು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರೆ ಹೊರಗಿನ ಕೋಣೆಯಿಂದ ಟಪಟಪ ಸದ್ದು ಬರುತ್ತಿತ್ತು. ಶ್ರಾವಣದಲ್ಲಿ ಚೆನ್ನಾಗಿ ಕೇಳುತ್ತಿತ್ತು. ದಸರೆಯ ಹೊತ್ತಿಗೆ ಒಂದೊಂದೇ ಸದ್ದು ಬಿಟ್ಟು ಬಿಟ್ಟು ಬರತೊಡಗಿತು. ಬೇಸರ ಬಂದಿದೆ ಹುಡುಗಿಗೆ ಎಂದುಕೊಂಡೆ. ದೀಪಾವಳಿಯಲ್ಲಿ ಸದ್ದು ಇರಲಿಲ್ಲ. ಹಬ್ಬದ ಗದ್ದಲದಲ್ಲಿ ನನಗೆ ಅದು ಗೊತ್ತೂ ಆಗಲಿಲ್ಲ.

ಈ ತಿಂಗಳು ಎಷ್ಟೋ ಸಾಮಾನುಗಳ ಟ್ಯಾಕ್ಸ್ ಇಳಿಸಿದರು ಎಂದು ಪೇಪರಿನಲ್ಲಿ ಬಂತು. ಪಕ್ಕದ ಮನೆಯ ಪುಷ್ಪಲತಾ ಟೀಚರಿಂದ ಪೇಪರ್ ಇಸಿದುಕೊಂಡು ಬಂದು ಕಟ್ಟೆಯ ಮೇಲೆ ಕೂತು ಓದಿದೆ. ಚಾಕಲೇಟು ಇತ್ತು, ಶಾಂಪೂ ಇತ್ತು, ಹಾಸಿಗೆ ಇತ್ತು, ಕೈಗಡಿಯಾರ ಇತ್ತು. ಮೇಲಿನಿಂದ ಕೆಳಗೆ ಎರಡು ಸಲ ಓದಿದೆ. ಕಂಪ್ಯೂಟರ್ ಇರಲಿಲ್ಲ. ಪೇಪರ್ ಮಡಚಿ ವಾಪಸು ಕೊಟ್ಟು ಸೀದಾ ನಯಾಜನ ಅಂಗಡಿಗೆ ಹೋಗಿ, ಈಗಿನ ಇಪ್ಪತ್ಮೂರೂವರೆ ಸಾವಿರಕ್ಕೇ ತಂದು ಕೊಡಪ್ಪಾ ಎಂದೆ. ಒಂದು ರೂಪಾಯಿ ಚೌಕಾಶಿ ಮಾಡಲಿಲ್ಲ. ಅವನು ಪಾಪ, ಕೂಲಿಯನ್ನೂ ಇಟ್ಟುಕೊಳ್ಳದೆ ತಂದು ಜೋಡಿಸಿಕೊಟ್ಟ.

ಹೋದ ಸೋಮವಾರ ಬಂತು ಕಂಪ್ಯೂಟರ್. ನೀವು ನೋಡಬೇಕಿತ್ತು, ಕನ್ನಡಿ ಹಾಗೆ ಹೊಳೆಯುತ್ತದೆ. ವಿಭೂತಿ ಹಚ್ಚಿ, ಹೂವು ಏರಿಸಿ, ಕಾಯಿ ಒಡೆದೆ. ಕಾಯಿನೀರು ಮೇಲೆ ಬಿದ್ದೀತೆಂದು ನಯಾಜ ಗಾಬರಿಯಾಗಿ ಎರಡೂ ಕೈ ಅಡ್ಡ ಹಿಡಿದು ನಿಂತಿದ್ದ. ಚಂದನಾ ಎಷ್ಟೋ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ಹಸಿರು ಸೀರೆ ಉಡಿಸು ಎಂದು ಹಟ ಮಾಡಿ ಉಡಿಸಿಕೊಂಡಿದ್ದಳು, ಥೇಟು ನಿಮ್ಮ ಅವ್ವನ ಹಾಗೆ ಕಾಣುತ್ತಿದ್ದಳು. ಓಣಿಯವರಿಗೆಲ್ಲ ಸಕ್ಕರೆ ಹಂಚಿದೆ. ಪುಷ್ಪಲತಾ ಟೀಚರು ಬಂದು, ಇನ್ನೇನು ಚಂದನಾ, ನಿಮ್ಮಪ್ಪನಿಗೆ ಪುಟಗಟ್ಟಲೆ ಬರೆ ಎಂದರು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ, ಮತ್ತೆ ಎತ್ತಿಕೊಂಡಿದ್ದೇನೆ. ಗಿರಾಕಿ ಬರುತ್ತಿದ್ದಾರೆ. ಊಟ ಬಿಡಬೇಡಿ. ಲಾರಿಯ ಡ್ರೈವರಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಮೇಲೆ ಆ ಕೊಟ್ಟೂರೇಶನ ದಯೆ ಇರಲಿ, ನಿಮ್ಮ ಕಾಲಿಗೆ ಕೈಗೆ ಕಾವಲಿರಲಿ.

ನಿಮ್ಮ,
ಕೊಟ್ರಬಸಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಪೂಜೆ ಮುಗಿದ ಮೇಲೆ ಕುರ್ಚಿಯನ್ನು ಹತ್ತಿರ ಸರಿಸು ಎಂದಳು, ಮೊದಲ ಪತ್ರ ಅಪ್ಪನಿಗೇ ಎಂದಳು. ನಾನೇ ಅವಳ ಕೈ ಎತ್ತಿ ಕೀಬೋರ್ಡಿನ ಮೇಲೆ ಇಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತ ನಿಂತೆ. ಅಪ್ಪಾ ಎಂದು ಬರೆಯಲು ಅ ಒತ್ತಿದಳು. ಅಕ್ಷರ ಸಾಲುಸಾಲಾಗಿ ಓಡಿದವು. ನಾನು ಪಾಪಿ, ಕೈ ಇನ್ನೂ ಎಷ್ಟು ಚುರುಕಾಗಿದೆ ಎಂದು ಹಿಗ್ಗಿದೆ. ಹತ್ತಿರ ಹೋದರೆ ಪುಟದ ತುಂಬ ಬರೀ ಅ ಅ ಅ ಅ. ಒತ್ತಿದ ಬೆರಳನ್ನು ಎತ್ತಲು ಅವಳಿಗೆ ಆಗುತ್ತಿರಲಿಲ್ಲ. ನಾನೇ ಹಿಡಿದು ಎತ್ತಿದೆ. "ಅಪ್ಪಗ ಹೇಳಬ್ಯಾಡವ್ವಾ, ಇದೂ ಕೆಟ್ಟೈತಿ ಅಂತ ಹೇಳು" ಎಂದಳು. ನೀನು ಹೇಳು, ನಾನು ಬರೆಯುತ್ತೇನೆ ಎಂದರೆ, "ಅಪ್ಪಗ ಹೇಳೋದೆಲ್ಲಾ ನಿನ್ನ ಮುಂದ ಹೆಂಗ ಹೇಳ್ಲಿ" ಎಂದು ಮುಖ ಆ ಕಡೆ ಮಾಡಿದಳು. ಎರಡೂವರೆ ಸಾವಿರ ಉಳಿಸಲು ಹೋಗಿ ನಿಮ್ಮ ಐದು ಪತ್ರ ಕಳೆದೆ ನಾನು. ಜೂನಿನಲ್ಲಿ ತಂದಿದ್ದರೆ ಐದು ಪತ್ರ ನಿಮ್ಮ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ನನ್ನನ್ನು ಬೈಯಿರಿ, ಬಂದು ಬೈಯಿರಿ. ಗುರುವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಕೈ ಇನ್ನು ಮರಳುವುದಿಲ್ಲ ಎಂದರು. ನಾಲ್ಕು ದಿನದಿಂದ ಮಾತೂ ತೊದಲುತ್ತಿದೆ. ನೀವು ಎದುರಿಗೆ ಕೂತರೆ ತುಟಿ ನೋಡಿ ನಮ್ಮ ಮಾತು ತಿಳಿದುಕೊಳ್ಳುತ್ತೀರಲ್ಲ. ಲಾರಿ ಮಾಲೀಕ ಸಂಬಳ ಹಿಡಿದರೆ ಹಿಡಿಯಲಿ. ಈ ಪತ್ರ ಕೈಗೆ ಬಂದ ದಿನವೇ ಹೊರಡಿ. ಅವಳ ತುಟಿ ಇನ್ನೂ ನೆಟ್ಟಗೆ ಆಡುತ್ತಿದೆ.