ಹತ್ತು ಸಲ ಮೊದಲ ಸಲ ಬಂದವನು

ತಾತ್ಕಾಲಿಕ ಕೆಲಸದ ವೀಸಾಗಳಿಗೆ ಮೊಹರು ಒತ್ತುವ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ತಮ್ಮ ಕಚೇರಿಯು ಕಳೆದ ಮಾರ್ಚ್ ತಿಂಗಳಲ್ಲಿ ಜಯಪಾಲ ಎಂಬ ಕೆಲಸಗಾರನನ್ನು, ಈ ದೇಶಕ್ಕೆ ಮತ್ತೆಂದೂ ದುಡಿಯಲು ಬಾರದಂತೆ ನಿಷೇಧಿಸಿತು. ಅವನು ಕದ್ದಿರಲಿಲ್ಲ, ಕುಡಿದು ಗಲಾಟೆ ಮಾಡಿರಲಿಲ್ಲ, ವೀಸಾದ ಅವಧಿ ಮೀರಿ ಒಂದು ದಿನವೂ ಇಲ್ಲಿ ನಿಂತಿರಲಿಲ್ಲ. ತಮ್ಮ ಅರ್ಜಿಯಲ್ಲಿದ್ದ ಒಂದು ಪ್ರಶ್ನೆಗೆ ಸತ್ಯವಾದ ಉತ್ತರ ಕೊಟ್ಟಿದ್ದ. ಆ ಉತ್ತರವನ್ನು ಬರೆದ ಕೈ ನನ್ನದು. ಬರೆಯಲೇಬೇಕೆಂದು ಹಟ ಹಿಡಿದವನೂ ನಾನೇ. ಆದ್ದರಿಂದ ಈ ಪತ್ರವನ್ನು ದೂರು ಎಂದು ಓದಿಕೊಂಡರೂ ಸರಿ, ತಪ್ಪೊಪ್ಪಿಗೆ ಎಂದು ಓದಿಕೊಂಡರೂ ಸರಿ. ಓದುವುದಾದರೆ.

ಕನ್ನಡದಲ್ಲಿ ಏಕೆ ಬರೆಯುತ್ತಿದ್ದೇನೆಂದು ಯಾರಾದರೂ ಕೇಳಬಹುದು. ಇಂಗ್ಲಿಷಿನಲ್ಲಿ ನಾಲ್ಕು ಮನವಿ ಬರೆದೆ. ಅರಬ್ಬಿಗೆ ಅನುವಾದ ಮಾಡಿಸಿ, ದೃಢೀಕರಿಸಿ, ಇನ್ನೆರಡು ಕಳಿಸಿದೆ. ಎಂಟು ತಿಂಗಳಲ್ಲಿ ಒಂದು ಸ್ವೀಕೃತಿ ಚೀಟಿಯೂ ಬರಲಿಲ್ಲ. ಉತ್ತರ ಬಾರದೆಂಬುದು ಖಚಿತವಾದ ಮೇಲೆ ಮನುಷ್ಯ ತನಗೆ ಚೆನ್ನಾಗಿ ಬರುವ ಭಾಷೆಯಲ್ಲಿಯೇ ಬರೆಯುವುದು ಮೇಲು.

ನಾನು ಮೂವತ್ತನಾಲ್ಕು ವರ್ಷ ಮಾಸ್ತರಿಕೆ ಮಾಡಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಹುಟ್ಟಿದ್ದು ಮೈಸೂರಿನ ಕಡೆ. ಕಲಿಸಿದ್ದು ಬಹುಪಾಲು ಕಾಪುವಿನ ಸಮೀಪದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಈಗ ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮಗಳು ಬಿಂದುವಿನ ಮನೆಯಲ್ಲಿದ್ದೇನೆ. ಜಯಪಾಲ ನನ್ನ ವಿದ್ಯಾರ್ಥಿ. ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ನಪಾಸಾದ. ಒಮ್ಮೆ ಶಾಲೆಯ ಒಂದೇ ಒಂದು ಗ್ಲೋಬು ಒಡೆದು ಹೋಯಿತು. ಒಡೆದವರು ಯಾರೆಂದು ಕೇಳಿದಾಗ ನಲವತ್ತೆರಡು ಮಕ್ಕಳ ಪೈಕಿ ಇವನೊಬ್ಬ ಎದ್ದು ನಿಂತ. ನಾನು ಬೆತ್ತ ತೆಗೆದುಕೊಂಡೆ. ಸತ್ಯ ಹೇಳಿ ಪೆಟ್ಟು ತಿನ್ನುವುದನ್ನು ಅವನಿಗೆ ಮೊದಲು ಕಲಿಸಿದ್ದು ತಮ್ಮ ಕಚೇರಿಯಲ್ಲ. ಆ ಹಿರಿಮೆ ನನಗೇ ಸಲ್ಲಬೇಕು.

ಅವನ ಕೆಲಸವೇನೆಂಬುದನ್ನು ತಾವು ಬಲ್ಲಿರಿ. ಈ ಪತ್ರವನ್ನು ಓದುವ ಇತರರಿಗಾಗಿ ಹೇಳುತ್ತೇನೆ. ಅಬುಧಾಬಿಯ ಆಚೆ ರುವೈಸ್ ಕಡೆಯ ತೈಲ ಸ್ಥಾವರಗಳು ವರ್ಷವಿಡೀ ಬಿಡುವಿಲ್ಲದೆ ನಡೆಯುತ್ತವೆ. ಚಳಿಗಾಲ ಬಂದಾಗ ಅವುಗಳ ಒಂದೊಂದು ಭಾಗವನ್ನು ಸರದಿಯಂತೆ ನಿಲ್ಲಿಸಿ, ಕೊಳವೆಗಳನ್ನು ಬಿಚ್ಚಿ, ತೊಳೆದು, ದುರಸ್ತಿ ಮಾಡುತ್ತಾರೆ. ನಮ್ಮವರು ಇದನ್ನು ಶಟ್‌ಡೌನ್ ಎನ್ನುತ್ತಾರೆ. ಐವತ್ತು ಅರವತ್ತು ದಿನಗಳ ಕೆಲಸ. ಅದಕ್ಕಾಗಿ ಗುತ್ತಿಗೆದಾರರು ಊರುಗಳಿಂದ ಜನರನ್ನು ತಾತ್ಕಾಲಿಕ ವೀಸಾದಲ್ಲಿ ಕರೆಸುತ್ತಾರೆ, ಯಂತ್ರ ಮತ್ತೆ ಶುರುವಾದೊಡನೆ ಕಳಿಸುತ್ತಾರೆ. ಜಯಪಾಲ ಸಾರುವೆ ಕಟ್ಟುವವನು. ದುರಸ್ತಿಯವರು ನಿಂತು ಕೆಲಸ ಮಾಡಲು ಗೋಪುರಗಳ ಸುತ್ತ ಕಬ್ಬಿಣದ ಕೊಳವೆಗಳಿಂದ ಅಟ್ಟಣೆ ಕಟ್ಟುವುದು, ಅವರ ಕೆಲಸ ಮುಗಿದ ಮೇಲೆ ಬಿಚ್ಚುವುದು. ಗಣಿತದಲ್ಲಿ ನಪಾಸಾದವನು ಎಂಬತ್ತು ಅಡಿ ಎತ್ತರದ ಅಟ್ಟಣೆ ಎಷ್ಟು ಜನರ ಭಾರ ತಡೆಯುತ್ತದೆಂಬುದನ್ನು ಕಣ್ಣಳತೆಯಲ್ಲಿ ಹೇಳುತ್ತಿದ್ದ. ಅವನು ಕಟ್ಟಿದ್ದರ ಮೇಲಿಂದ ಹತ್ತು ವರ್ಷಗಳಲ್ಲಿ ಒಬ್ಬನೂ ಬಿದ್ದಿಲ್ಲ.

ಹತ್ತು ವರ್ಷಗಳೆಂದೆ. ೧೯೯೯ರಿಂದ ೨೦೦೮ರವರೆಗೆ ಪ್ರತಿ ಜನವರಿಯಲ್ಲಿ ಬಂದ, ಪ್ರತಿ ಮಾರ್ಚಿನಲ್ಲಿ ಹೋದ. ತಮ್ಮ ಕಡತಗಳ ಪ್ರಕಾರ ಹತ್ತು ಸಲವೂ ಅವನು ಮೊದಲ ಸಲ ಬಂದವನು. 'ಈ ಹಿಂದೆ ಈ ದೇಶದಲ್ಲಿ ಕೆಲಸ ಮಾಡಿದ್ದೀರಾ?' ಎಂದು ತಮ್ಮ ಅರ್ಜಿ ಕೇಳುತ್ತದೆ. 'ಹೌದು' ಎಂದವನ ಅರ್ಜಿ ಬೇರೊಂದು ಕಿಟಕಿಗೆ ಹೋಗುತ್ತದೆ. ಪದೇ ಪದೇ ಬರುವವನ ಕೆಲಸ ತಾತ್ಕಾಲಿಕ ಹೇಗಾದೀತು ಎಂಬ ಆಕ್ಷೇಪಣೆಯೊಡನೆ ಅಲ್ಲಿಯೇ ಮಲಗುತ್ತದೆ. ಅದು ಏಳುವ ವೇಳೆಗೆ ಶಟ್‌ಡೌನ್ ಮುಗಿದಿರುತ್ತದೆ. ಆದ್ದರಿಂದ ಎಲ್ಲರೂ 'ಇಲ್ಲ' ಎನ್ನುತ್ತಾರೆ. ಎನ್ನುತ್ತಾರೆ ಎಂಬುದೂ ತಪ್ಪು. ಅವರನ್ನು ಯಾರೂ ಕೇಳುವುದೇ ಇಲ್ಲ. ಅರ್ಜಿ ಟೈಪು ಮಾಡಿಕೊಡುವ ಅಬುಧಾಬಿಯ ಅಂಗಡಿಯೊಂದರಲ್ಲಿ ಲೂರ್ದ್ ಎಂಬ ಮಂಗಳೂರಿನ ಹೆಣ್ಣುಮಗಳನ್ನು ಕಂಡು ವಿಚಾರಿಸಿದೆ.

"ಅಂಕಲ್, ಆ ಜಾಗದಲ್ಲಿ 'ನೋ' ಅಂತ ಕಂಪ್ಯೂಟರಲ್ಲಿ ಮೊದಲೇ ಉಂಟು. ನಾನು ಹೆಸರು, ಪಾಸ್‌ಪೋರ್ಟ್ ನಂಬರು ಮಾತ್ರ ಬದಲು ಮಾಡುದು. ಎಲ್ಲರೂ ಹೊಸಬರೇ ಅಲ್ವಾ ಇಲ್ಲಿ?" ಎಂದಳು. ನಕ್ಕಳು. ಅವಳೂ ಹನ್ನೆರಡು ವರ್ಷದಿಂದ ಇಲ್ಲಿದ್ದಾಳೆ.

ಮೊದಲ ಸಲ ಬಂದವನಿಗೆ ಹಸಿರು ಹೆಲ್ಮೆಟ್, ಹಳಬನಿಗೆ ಬಿಳಿಯದು. ಹಸಿರು ಹೆಲ್ಮೆಟ್ಟಿನವನು ಏಣಿ ಹತ್ತುವಾಗ ಬಿಳಿಯವನೊಬ್ಬ ಮೇಲ್ವಿಚಾರಣೆಗೆ ನಿಲ್ಲಬೇಕು. ಜಯಪಾಲ ಹತ್ತು ವರ್ಷ ಹಸಿರು ಧರಿಸಿದ. ಅವನೇ ಕೈಹಿಡಿದು ಕೆಲಸ ಕಲಿಸಿದ್ದ, ಆಮೇಲೆ ಇಲ್ಲಿಯೇ ಖಾಯಂ ಆದ ಒಬ್ಬ ಹುಡುಗ ಬಿಳಿ ಹೆಲ್ಮೆಟ್ ಹಾಕಿಕೊಂಡು ಅವನನ್ನು ಕಾಯುತ್ತಿದ್ದ. ಪ್ರತಿವರ್ಷ ಮೂರು ದಿನ ಸುರಕ್ಷತೆಯ ಪಾಠ, ಅದೇ ಕೋಣೆ, ಅದೇ ವಿಡಿಯೋ. ಅದರಲ್ಲಿ ಒಬ್ಬ ಏಣಿಯಿಂದ ಬೀಳುತ್ತಾನಂತೆ. "ಸಾರ್, ಆ ಬೀಳುವವನಿಗೆ ಈಗ ತಲೆ ಪೂರಾ ಹಣ್ಣಾಗಿರ್ಬೇಕು. ನಾನು ನೋಡ್ಲಿಕ್ಕೆ ಶುರು ಮಾಡಿದ ಮೇಲೇ ಹತ್ತು ಸಲ ಬಿದ್ದ, ಪಾಪ" ಎಂದಿದ್ದ ಜಯಪಾಲ. ಮೂವತ್ತನಾಲ್ಕು ವರ್ಷಗಳ ವೃತ್ತಿಯಲ್ಲಿ, ಪ್ರತಿ ಸಲ ತೇರ್ಗಡೆಯಾಗಿಯೂ ಹತ್ತು ವರ್ಷ ಒಂದನೆಯ ತರಗತಿಯಲ್ಲಿಯೇ ಕೂತ ವಿದ್ಯಾರ್ಥಿಯನ್ನು ನಾನು ಕಂಡಿರಲಿಲ್ಲ. ತಮ್ಮ ಶಿಕ್ಷಣ ಕ್ರಮಕ್ಕೆ ನಮಸ್ಕಾರ.

ಈ ವರ್ಷದ ಫೆಬ್ರವರಿಯಲ್ಲಿ ಗುತ್ತಿಗೆದಾರರ ಬಳಿ ಒಂದು ಖಾಯಂ ಹುದ್ದೆ ತೆರವಾಯಿತು. ಸಾರುವೆಯವರ ಮೇಲ್ವಿಚಾರಕನ ಹುದ್ದೆ. ರುವೈಸ್‌ನಲ್ಲಿ ಕಂಪನಿಯ ಮನೆ, ಹೆಂಡತಿ ಮಕ್ಕಳನ್ನು ಕರೆತರುವ ವೀಸಾ, ಮಗಳಿಗೆ ಅಲ್ಲಿಯೇ ಶಾಲೆ. ಬೇಕಾದದ್ದು ಹತ್ತು ವರ್ಷಗಳ ಅನುಭವ. ಸ್ಥಾವರದ ಎಂಜಿನಿಯರರೇ ಇವನ ಹೆಸರನ್ನು ಸೂಚಿಸಿದ್ದರು. ಮೂರು ವಾರಗಳ ಮೇಲೆ ಸಿಕ್ಕ ಒಂದು ಶುಕ್ರವಾರದ ರಜೆಯಲ್ಲಿ, ಬಸ್ಸಿನಲ್ಲಿ ನಾಲ್ಕು ಗಂಟೆ ಕೂತು, ಜಯಪಾಲ ಅರ್ಜಿ ಹಿಡಿದುಕೊಂಡು ನನ್ನಲ್ಲಿಗೆ ಬಂದ. ಜೊತೆಯಲ್ಲಿ, ವರ್ಷವಿಡೀ ಇಲ್ಲಿಯೇ ಇರುವ ಅವರ ತಂಡದ ಮೇಸ್ತ್ರಿ. ಇವರನ್ನು ಅಬ್ಬಾಸ್ ಎಂದು ಕರೆಯುತ್ತೇನೆ. ನಿಜವಾದ ಹೆಸರು ಅದಲ್ಲ, ತಾವು ಹುಡುಕುವ ಶ್ರಮ ತೆಗೆದುಕೊಳ್ಳಬೇಡಿ.

ಬಿಂದು ಚಹಾ ಕೊಟ್ಟಳು. ನಾನು ಕನ್ನಡಕ ಹಾಕಿಕೊಂಡು ಅರ್ಜಿ ಓದಿದೆ. ಅನುಭವ ಎಷ್ಟು, ಎಲ್ಲಿ, ಯಾವ ಯಾವ ವರ್ಷ ಎಂದು ವಿವರವಾಗಿ ಕೇಳಿತ್ತು.

"ಮಾಷ್ಟ್ರೆ, ಊರಲ್ಲಿ ಹತ್ತು ವರ್ಷ ಮಾಡಿದ್ದಾನೆ ಅಂತ ಬರೀರಿ" ಎಂದರು ಅಬ್ಬಾಸ್. "ನನ್ನ ಭಾವನದ್ದು ಪಡುಬಿದ್ರಿಯಲ್ಲಿ ಬಿಲ್ಡಿಂಗ್ ಕೆಲಸ ಉಂಟು. ಲೆಟರ್ ಕೊಡ್ತಾನೆ."

"ಊರಲ್ಲಿ ಮಾಡಿಲ್ಲವಲ್ಲ?"

"ಮಾಡಿಲ್ಲ. ಆದ್ರೆ ಇಲ್ಲಿ ಮಾಡಿದ್ದು ಅಂತ ಬರೆದ್ರೆ ಇವನನ್ನು ಮುಗಿಸ್ತಾರೆ."

"ಅಬ್ಬಾಸ್, ಮನುಷ್ಯ ಹತ್ತು ವರ್ಷ ದುಡಿದಿದ್ದಾನೆ. ಅದನ್ನು ಮಾಡಿಲ್ಲವೆಂದು ಬರೆದು, ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯಬೇಕೇ? ನನ್ನ ಕೈಯಿಂದ ಅದು ಸಾಧ್ಯವಿಲ್ಲ."

ಅಬ್ಬಾಸ್ ಜಯಪಾಲನತ್ತ ತಿರುಗಿದರು. "ಎಂತ ಮಾರಾಯಾ, ನೀನು ಅರ್ಜಿ ಬರೆಸ್ಲಿಕ್ಕೆ ಬಂದದ್ದಾ, ಪರೀಕ್ಷೆ ಬರೀಲಿಕ್ಕೆ ಬಂದದ್ದಾ?"

ಜಯಪಾಲ ನನ್ನ ಮುಖ ನೋಡಿದ. ಮೂವತ್ತೆಂಟು ವರ್ಷದ ಗಂಡಸು, ಗ್ಲೋಬಿನ ದಿನ ನಿಂತಿದ್ದ ಹಾಗೆಯೇ ಕೈಕಟ್ಟಿ ನಿಂತಿದ್ದ. "ಸಾರ್ ಹೇಳಿದ ಹಾಗೇ ಇರ್ಲಿ" ಎಂದ. "ಒಂದು ಸಲವಾದ್ರೂ ಸರಿಯಾಗಿ ಬರೀಬೇಕಲ್ಲ ಸಾರ್" ಎಂದೂ ಸೇರಿಸಿದ.

ನಾನು ಕಪ್ಪು ಶಾಯಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದೆ. ಹತ್ತು ಅವಧಿಗಳನ್ನೂ ತಾರೀಕು ಸಹಿತ ಬರೆದೆ. ಎರಡು ಪಾಸ್‌ಪೋರ್ಟುಗಳಲ್ಲಿದ್ದ ಹತ್ತು ಮೊಹರುಗಳ ಪ್ರತಿಗಳನ್ನು ಲಗತ್ತಿಸಿದೆ, ಪುಟಗಳಿಗೆ ಅಂಕಿ ಹಾಕಿದೆ. ಅಷ್ಟು ಒಪ್ಪವಾದ ಅರ್ಜಿ ತಮ್ಮ ಕಚೇರಿಗೆ ಬಂದಿರಲಾರದು. ಅಲ್ಲಿಗೆ ನಿಲ್ಲಿಸಿದೆನೇ? ಊರಿಗೆ ಫೋನು ಮಾಡಿ ಜಯಪಾಲನ ಹೆಂಡತಿ ಜಲಜಾಕ್ಷಿಗೂ ಬುದ್ಧಿ ಹೇಳಿದೆ: "ಏಪ್ರಿಲ್‌ನಲ್ಲಿ ಇಲ್ಲಿಯ ಶಾಲೆಗಳು ಶುರುವಾಗುತ್ತವೆ. ದಾಖಲೆ ದೃಢೀಕರಣಕ್ಕೆ ಸಮಯ ಹಿಡಿಯುತ್ತದೆ. ಸ್ಪಂದನಾಳ ಟಿ.ಸಿ. ಈಗಲೇ ತೆಗೆಸಮ್ಮ." ಏಳನೆಯ ತರಗತಿಯ ಹುಡುಗಿಯ ಹೆಸರನ್ನು, ಪರೀಕ್ಷೆಗೆ ಐದು ವಾರವಿರುವಾಗ, ಹಾಜರಿ ಪುಸ್ತಕದಿಂದ ಹೊಡೆಸಿದವನು ಒಬ್ಬ ಮುಖ್ಯೋಪಾಧ್ಯಾಯ. ಇದನ್ನೂ ದಾಖಲಿಸಿಕೊಳ್ಳಿ.

ಮಾರ್ಚ್ ಮೊದಲ ವಾರ ಅವನನ್ನು ತಮ್ಮ ಕಚೇರಿಗೆ ಕರೆದರು. ನಾನೂ ಹೋದೆ. ಕಿಟಕಿಯೊಳಗಿನ ಯುವಕ ವಿನಯವಂತ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಂದು ಪಕ್ಕದಲ್ಲಿ ನನ್ನ ಅರ್ಜಿಯನ್ನು ಇಟ್ಟ. ಇನ್ನೊಂದು ಪಕ್ಕದಲ್ಲಿ ಹಳೆಯ ಹತ್ತು ಅರ್ಜಿಗಳನ್ನು ಇಟ್ಟ. ಹತ್ತರಲ್ಲಿಯೂ 'ಇಲ್ಲ', ಕೆಳಗೆ ಜಯಪಾಲನ ಸಹಿ. "ಒಂದೋ ಇದು ಸುಳ್ಳು, ಇಲ್ಲವೇ ಅವು ಸುಳ್ಳು. ಯಾವುದೆಂದು ನೀವೇ ಹೇಳಿ" ಎಂದು ಹಿಂದಿಯಲ್ಲಿ ಕೇಳಿದ. ಇದು ಸುಳ್ಳಾದರೆ ಅನುಭವವಿಲ್ಲ, ಹುದ್ದೆಯಿಲ್ಲ. ಅವು ಸುಳ್ಳಾದರೆ ಸುಳ್ಳು ಹೇಳಿಕೆಗೆ ಆಜೀವ ನಿಷೇಧ. ಜಯಪಾಲ ಕೇಳಿದ, "ಸಾರ್, ಈಗ ಎಂತ ಹೇಳ್ಬೇಕು?" ನಾನು ನನ್ನ ಅರ್ಜಿಯ ಪುಟಗಳಿಗೆ ಹಾಕಿದ್ದ ಅಂಕಿಗಳನ್ನೇ ನೋಡುತ್ತಿದ್ದೆ. ಅವನು ಕಿಟಕಿಯ ಕಡೆ ತಿರುಗಿ, "ಅವು" ಎಂದ. ಯುವಕ ಮೊಹರು ಒತ್ತಿದ. "ಖಲಾಸ್" ಎಂದ, ಬಹಳ ಮೆತ್ತಗೆ.

ಮಾನ್ಯರೇ, ಅವು ಸುಳ್ಳೆಂದು ತಮಗೆ ಅಂದೇ ತಿಳಿಯಿತೇ? ಅವನ ಪಾಸ್‌ಪೋರ್ಟಿನಲ್ಲಿದ್ದ ಮೊಹರುಗಳು ಯಾರವು? ಕೆಲವು ವರ್ಷಗಳಿಂದ ತಮ್ಮ ವಿಮಾನ ನಿಲ್ದಾಣದಲ್ಲಿ ಒಂದು ಯಂತ್ರ ಬಂದವರ ಕಣ್ಣಿನ ಚಿತ್ರ ತೆಗೆಯುತ್ತದೆ. ಜಯಪಾಲನ ಕಣ್ಣನ್ನು ಅದು ನಾಲ್ಕು ಸಲವಾದರೂ ನೋಡಿದೆ. ಯಂತ್ರಕ್ಕೆ ಗುರುತು ಸಿಕ್ಕವನು ಕಾಗದಕ್ಕೆ ಏಕೆ ಸಿಗಲಿಲ್ಲ? ಹತ್ತು ವರ್ಷ ಒಂದು ಸುಳ್ಳು ಎಲ್ಲರಿಗೂ ಅನುಕೂಲವಾಗಿತ್ತು. ಗುತ್ತಿಗೆದಾರರಿಗೆ ಪಳಗಿದ ಕೈ ಸಿಗುತ್ತಿತ್ತು, ಸ್ಥಾವರಕ್ಕೆ ಗಟ್ಟಿಯಾದ ಅಟ್ಟಣೆ, ತಮಗೆ ಶುದ್ಧವಾದ ಕಡತ. ಆ ಸುಳ್ಳನ್ನು ಅವನು ಹೇಳಿಯೂ ಇರಲಿಲ್ಲ. ಟೈಪಿನ ಅಂಗಡಿಯ ಕಂಪ್ಯೂಟರಿನಲ್ಲಿ ಅದು ಅವನು ಬರುವ ಮುಂಚೆಯೇ ಕೂತಿತ್ತು. ಶಿಕ್ಷೆ ಮಾತ್ರ ಅವನೊಬ್ಬನಿಗೆ, ಅದೂ ಸತ್ಯ ಹೇಳಿದ ದಿನ.

ನನ್ನ ವಿಷಯವನ್ನೂ ಕೇಳಿ. ನಾನು ಭೇಟಿ ವೀಸಾದಲ್ಲಿ ಬಂದು ಹೋಗುವವನು; ನಡುವೆ ಊರಿಗೆ ಹೋಗಿ ಸೆಪ್ಟೆಂಬರಿನಲ್ಲಿ ಮತ್ತೆ ಬಂದೆ. ಹಿಂದೆ ಬಂದಿದ್ದೀರಾ ಎಂಬ ಪ್ರಶ್ನೆಗೆ 'ಮೂರನೆಯ ಸಲ' ಎಂದು ಬರೆದೆ. ತಮ್ಮವರು ನಗುನಗುತ್ತ ಸ್ವಾಗತಿಸಿದರು. ಬಾಲ್ಕನಿಯಲ್ಲಿ ಕೂತು ಪತ್ರಿಕೆ ಓದುವವನು ಎಷ್ಟು ಸಲ ಬಂದರೂ ಅತಿಥಿ. ಗೋಪುರ ಹತ್ತುವವನು ಎರಡನೆಯ ಸಲ ಬಂದೆನೆಂದರೆ ಆಪಾದಿತ. ಈ ವ್ಯತ್ಯಾಸವನ್ನು ನಾನು ಯಾವ ತರಗತಿಗೆ ಹೇಗೆ ವಿವರಿಸಲಿ?

ಜಯಪಾಲ ಈಗ ಊರಿನಲ್ಲಿ ಶಾಮಿಯಾನ ಕಟ್ಟುವವರ ಜೊತೆ ಹೋಗುತ್ತಾನೆ. ಮದುವೆಗಳಿದ್ದರೆ ಕೆಲಸ. ಕಳೆದ ತಿಂಗಳು ಜಲಜಾಕ್ಷಿ ಫೋನಿನಲ್ಲಿ ಸಿಕ್ಕಳು. ಬೈಯುತ್ತಾಳೆಂದುಕೊಂಡಿದ್ದೆ; ಬೈದಿದ್ದರೆ ಚೆನ್ನಾಗಿತ್ತು.

"ಸ್ಪಂದನಾಳನ್ನು ಅದೇ ಶಾಲೆಗೆ ಪುನಃ ಸೇರಿಸಿದೆವು ಸಾರ್. ಹೊಸ ಅಡ್ಮಿಷನ್ ಅಂತ ಹಾಜರಿಯಲ್ಲಿ ಕೊನೆಗೆ ಹಾಕಿದ್ದಾರೆ. ಒಂದನೇ ಕ್ಲಾಸಿಂದ ಅಲ್ಲೇ ಕಲಿತವಳು. ಮಕ್ಕಳು 'ಹೊಸ ಹುಡುಗಿ' ಅಂತ ತಮಾಷೆ ಮಾಡ್ತಾರಂತೆ."

"ಹೆಲ್ಮೆಟ್‌ಗಳು ಇವೆಯೇನಮ್ಮ?" ಎಂದೆ. ಏನು ಕೇಳಬೇಕೆಂದು ತೋಚದೆ ಕೇಳಿದ್ದು. ವರ್ಷಕ್ಕೊಂದರಂತೆ ತಂದ ಹಸಿರು ಹೆಲ್ಮೆಟ್‌ಗಳಿಗೆ ಅವಳು ಮಣ್ಣು ತುಂಬಿ ಮಲ್ಲಿಗೆಯ ಗೆಲ್ಲು ಊರಿದ್ದಾಳೆಂದು ಜಯಪಾಲ ಹೇಳಿದ್ದ.

"ಉಂಟು ಸಾರ್, ಹತ್ತೂ ಉಂಟು. ಅವರು ಬಿಸಾಡು ಅಂತಾರೆ. ನಾನು ಬಿಡುದಿಲ್ಲ. ಗಿಡಗಳು ಮೊಗ್ಗು ಬಿಟ್ಟಿವೆ."

ಈ ಪತ್ರದಲ್ಲಿ ಹೆಸರು ಹಾಕಬಹುದೇ ಎಂದು ಜಯಪಾಲನನ್ನೇ ಕೇಳಿದೆ. "ಹಾಕಿ ಸಾರ್. ಇನ್ನೆಂತ ಆಗ್ಲಿಕ್ಕುಂಟು?" ಎಂದ.

ನನ್ನ ಬೇಡಿಕೆ ಚಿಕ್ಕದು. ನಿಷೇಧ ತೆಗೆಯಿರೆಂದು ಆರು ಸಲ ಬೇಡಿದ್ದೇನೆ. ಏಳನೆಯ ಸಲವೂ ಬೇಡುತ್ತೇನೆ, ನಂಬಿಕೆಯಿಂದಲ್ಲ, ನಾನು ಬಿಟ್ಟರೆ ಅವನಿಗಾಗಿ ಬೇಡುವವರು ಯಾರೂ ಇಲ್ಲವೆಂದು. ಅದು ಆಗದಿದ್ದರೆ ಒಂದು ಪ್ರಶ್ನೆಗಾದರೂ ಉತ್ತರ ಕೊಡಿ: ಹತ್ತು ಸಲ ಬಂದು ದುಡಿದು ಹೋದವನು ಹನ್ನೊಂದನೆಯ ಸಲ ಆ ಜಾಗದಲ್ಲಿ ಏನೆಂದು ಬರೆಯಬೇಕು? ಒಂದೇ ಪದ ಸಾಕು. ಅಪರಾಧಿಯೊಬ್ಬ ಬೇಕೇ ಬೇಕಿದ್ದರೆ ಬರೆದವನನ್ನು ನಿಷೇಧಿಸಿ. ನನ್ನ ವೀಸಾ ಮುಂದಿನ ತಿಂಗಳು ಹದಿನಾಲ್ಕಕ್ಕೆ ಮುಗಿಯುತ್ತದೆ, ತಮಗೆ ಕಷ್ಟವಿಲ್ಲ.

ಉತ್ತರ ಬೇಗ ಬೇಕು, ಏಕೆಂದರೆ ಜನವರಿ ಹತ್ತಿರ ಬಂದಿದೆ. ಕಳೆದ ಶುಕ್ರವಾರ ಅಬ್ಬಾಸ್ ಮತ್ತೆ ಬಂದಿದ್ದರು. ಈ ವರ್ಷ ಅರ್ಜಿಗಳನ್ನು ಕೈಯಲ್ಲಿ ತುಂಬಿ ಕೊಡಬೇಕಂತೆ, ಟೈಪಿನ ಅಂಗಡಿಯದು ನಡೆಯುವುದಿಲ್ಲವಂತೆ. ಮೂವತ್ತೆಂಟು ಅರ್ಜಿಗಳ ಕಟ್ಟನ್ನು ಊಟದ ಮೇಜಿನ ಮೇಲಿಟ್ಟರು. ಮೇಲಿನದು ಏಳು ಸಲ ಬಂದ ಮುಹಿಯುದ್ದೀನನದು.

"ನಿಮ್ಮ ಅಕ್ಷರ ಚಂದ ಉಂಟು ಮಾಷ್ಟ್ರೆ" ಎಂದರು. ಜಯಪಾಲನ ಹೆಸರು ಎತ್ತಲಿಲ್ಲ.

ನಾನು ಕನ್ನಡಕ ಹಾಕಿಕೊಂಡೆ. ಕಟ್ಟು ಬಿಚ್ಚಿದೆ. ಸಂಜೆಯವರೆಗೆ ಬರೆದೆ. ಏನೆಂದು ಬರೆದೆ ಎಂಬುದನ್ನು ಇಲ್ಲಿ ಹೇಳಲಾರೆ. ಮೂವತ್ತೆಂಟೂ ಈಗ ತಮ್ಮ ಕಿಟಕಿಯೊಳಗೆ ಇವೆ, ಎಲ್ಲವೂ ಒಂದೇ ಕೈಬರಹದಲ್ಲಿ, ಕಪ್ಪು ಶಾಯಿಯಲ್ಲಿ. ಒಂದೂ ಆ ಬೇರೊಂದು ಕಿಟಕಿಗೆ ಹೋಗಿಲ್ಲವಂತೆ.

ಇಂತಿ,
ಸುಳ್ಳಿಗೆ ಸೊನ್ನೆ ಅಂಕ ಕೊಡುತ್ತಿದ್ದವನು,
ಎಚ್. ಎಸ್. ಚಾಮರಾಜ
ನಿವೃತ್ತ ಮುಖ್ಯೋಪಾಧ್ಯಾಯ
ಡಿಸ್ಕವರಿ ಗಾರ್ಡನ್ಸ್, ದುಬೈ (ಹದಿನಾಲ್ಕನೆಯ ತಾರೀಕಿನವರೆಗೆ)
ನವೆಂಬರ್ ೨೦೦೮