ಮನಿ ಛಲೋ ಅದ, ಮಾಲಕ ಛಲೋ ಇಲ್ಲ

ಯೆಣೆಗೂರ
ತಾ. ೧೧ ಜುಲೈ ೨೦೨೫, ಶುಕ್ರವಾರ

ತಂಗಿ ಗುರಮ್ಮಗ ಅಣ್ಣ ಅಮೃತಪ್ಪನ ಆಶೀರ್ವಾದ.

ಮೊದಲೇ ಹೇಳ್ತೀನಿ, ಈ ಬರಿಯೋ ಕೆಲಸ ನನಗ ಹಚ್ಚಿ ನೀ ಛಲೋ ಮಾಡಲಿಲ್ಲ. ಮೂರನೇ ಇಯತ್ತಾಕ ಸಾಲಿ ಬಿಟ್ಟಂವ ನಾ. ಪೆನ್ನು ಹಿಡಿದ್ರ ಕುರಿ ಕೂದಲು ಕತ್ತರಿಸೋ ಕತ್ತರಿ ಹಿಡಿದಂಗ ಹಿಡೀತೀನಿ, ಎರಡು ಸಾಲಿಗಿ ಬೆರಳು ನೋಯ್ತಾವ. ಫೋನ ಅಂತ ಒಂದು ಅದ. ಹತ್ತು ಸಲ ಹಚ್ಚಿದೆ, ನೀ ಎತ್ತಲಿಲ್ಲ. ಹನ್ನೊಂದನೇ ಸಲ ನಿನ್ನ ಮಗಳು ಸಾರಿಕಾ ಎತ್ತಿದಳು. "ಮಾಮಾ, ಬಾಯಿಲೆ ಹೇಳಿದ್ದು ಬ್ಯಾಡ, ಬರೆದು ಕಳಸ್ರಿ ಅಂತಾಳ ಆಯಿ. ಅದೂ ಕನ್ನಡದಾಗ, ಅದೂ ನಿಮ್ಮ ಕೈಲೇ" ಅಂದಳು. ಏನು ಬರೀಲಿ ಅಂದೆ. "ಅವತ್ತು ಉಮರ್ಗಾದ ರಜಿಸ್ಟ್ರಿ ಆಫೀಸದಾಗ ಏನು ಮಾಡಿದಿರಿ, ಅದು. ಅದೊಂದು ಇಲ್ಲಂದ್ರ ಉಳಿದದ್ದು ಎಷ್ಟು ಬರೆದ್ರೂ ಒಲಿಗಿ ಹಾಕ್ತಾಳಂತ" ಅಂದು ಫೋನ ಇಟ್ಟಳು. ನನ್ನ ಮಾತು ಮುಗಿಯೂತನಕ ನಿಂದರಲಿಲ್ಲ. ಖರೆ ನಿನ್ನ ಮಗಳೇ.

ಹದಿನೈದು ದಿನ ತಡ ಆಯ್ತು, ಸಿಟ್ಟಾಗಬ್ಯಾಡ. ಮೊದಲು ಕಾಗದ ಸಿಗಲಿಲ್ಲ, ಆಮ್ಯಾಲ ಪೆನ್ನು ಸಿಗಲಿಲ್ಲ, ಆಮ್ಯಾಲ ಬಿತ್ತಗಿ ಬಂತು. ಇವೆಲ್ಲಾ ಸುಳ್ಳ. ಕಾಗದ ಮುಂದ ಇಟ್ಟುಕೊಂಡು ಕುಂತ್ರ ಮೊದಲನೇ ಸಾಲಿಗೇ ಕೈ ನಿಂದರ್ತಿತ್ತು. ನಮ್ಮ ಅಪ್ಪ ಯಾವ ಕಾಗದ ಬರೆಸಿದ್ರೂ ಮ್ಯಾಲ ನಮ್ಮ ದೇವರು ಬೀರಪ್ಪನ ಹೆಸರು ಹಾಕಸ್ತಿದ್ದ, ನೆನಪದಲ್ಲ? ಈ ಕಾಗದದ ಮ್ಯಾಲ ಆ ಜಾಗ ಖಾಲಿ ಬಿಟ್ಟೀನಿ. ಮರೆತು ಬಿಟ್ಟದ್ದಲ್ಲ.

ಮಣಕಾಲು ಹ್ಯಾಂಗವ? ಸಾಲಿ ಮಕ್ಕಳಿಗಿ ಖಿಚಡಿ ಬೇಯಿಸಿದ ಪಾತೇಲಿ ಒಬ್ಬಾಕೇ ಇಳಸ್ತೀಯಂತ. ಅರವತ್ತು ದಾಟಿದ ಹೆಣಮಗಳು ಹಂಗ ಮಾಡಬಾರದು, ಇಬ್ಬರು ಹಿಡೀರಿ. ನೀ ಇರೋ ತಗಡಿನ ಖೋಲಿ ಕೆಡವತಾರಂತ, ದೀಪಾವಳಿಯೊಳಗ ಖಾಲಿ ಮಾಡು ಅಂದಾರಂತ. ಅದನ್ನೂ ಸಾರಿಕಾನೇ ಹೇಳಿದಳು. ನೀ ಎಲ್ಲಿ ಹೇಳ್ತಿ.

ಈಗ ಫ್ಲ್ಯಾಟಿನ ಸುದ್ದಿ. ನೀ ನೋಡೀದಿ, ಆದ್ರೂ ನನ್ನಿಂದ ಕೇಳು. ರಸ್ತಾದಾಗ ಹೋದ ಹೊಲದ ರೊಕ್ಕ ಬ್ಯಾಂಕಿನಾಗ ಬಿದ್ದಿತ್ತು. ಹಳೇ ಸಣ್ಣ ಫ್ಲ್ಯಾಟ ತಗೋ, ಕಡಿಮಿಗಿ ಸಿಗ್ತದ, ತಿಂಗಳಾ ಬಾಡಿಗಿ ಬರ್ತದ, ಮುಪ್ಪಿನಾಗ ಸೊಸಿ ಮುಂದ ಕೈ ಚಾಚೋದು ಬ್ಯಾಡ ಅಂತ ಎಲ್ಲಾರೂ ಹೇಳಿದರು. ಲಾತೂರದಾಗ ತಗೋ ಅಂದರು, ಸೋಲಾಪುರದಾಗ ತಗೋ ಅಂದರು. ನಾ ಉದಗೀರ ಅಂದೆ. ಯಾಕ ಉದಗೀರ ಅಂತ ನನ್ನ ಹೆಣತಿ, ನಿನ್ನ ವೈನಿ, ಕೇಳಿದಳು. ಅಲ್ಲಿ ದಾಲಮಿಲ್ಲು ಅದಾವ, ಕೆಲಸದ ಮಂದಿ ಬಾಡಿಗಿಗಿ ಬರ್ತಾರ ಅಂದೆ. "ದಾಲಮಿಲ್ಲೋ, ತಂಗಿಯೋ?" ಅಂದಳು.

ಮೂವತ್ತು ವರ್ಷದ ಹಳೇ ಬಿಲ್ಡಿಂಗು, ಒಂದು ಜಿನಾದ ಮೆಟ್ಟಲಾ ಹತ್ತಿದ್ರ ಮನಿ. ಒಂದು ಹಾಲು, ಒಂದು ಖೋಲಿ, ಒಂದು ಅಡಗಿಮನಿ. ಮಾರಿದಂವ ರಿಟೈರ ಮಾಸ್ತರ. ಅಂವಾ ಕೀಲಿ ತೆಗೆದು ಐದು ಮಿನಿಟಿನಾಗ ತೋರಿಸಿ ಮುಗಿಸಿದ. ನಾ ಟಾವೆಲ ಹಾಸಿ ಕುಂತೆ. ಮಧ್ಯಾಹ್ನದಿಂದ ಹೊತ್ತು ಮುಳಗೂತನಕ ಕುಂತೆ. ಮಾಸ್ತರ ಬ್ಯಾಸತ್ತು, "ಯಜಮಾನರೇ, ಮನಿ ನೋಡಲಾಕ ಬಂದೀರೋ, ಸತ್ಯಾಗ್ರಹಕ್ಕ ಬಂದೀರೋ?" ಅಂದ. ಕುರಿ ಕೂಡಿಸೋ ಜಾಗ ಒಮ್ಮೆ ಹಾದು ಹೋಗಿ ತಿಳಿಯಂಗಿಲ್ರೀ ಅಂದೆ. ಗಾಳಿ ಯಾವ ಕಡಿಂದ ಬರ್ತದ, ಬಿಸಲು ಯಾವಾಗ ಇಳೀತದ, ಮಳಿ ನೀರು ಎಲ್ಲಿ ನಿಂದರ್ತದ, ಕುಂತೇ ನೋಡಬೇಕು. ಗಾಳಿ ಅಡಗಿಮನಿ ಕಿಟಕಿಂದ ಬರ್ತದ. ಒಲಿ ಮುಂದ ನಿಂತಾಕಿಗಿ ಬೆವರು ಕೂಡಂಗಿಲ್ಲ. ಬಾಡಿಗಿ ಮನಿಗಿ ಯಾರು ಇಷ್ಟು ನೋಡ್ತಾರ, ನೀನೇ ಹೇಳು.

ಮನಿ ಪೂಜಾದ ದಿನ ನಿನ್ನ ವೈನಿ ನಾಕೂ ಮೂಲಿಗಿ ಭಂಡಾರ ಹಾರಿಸಿದಳು. ನಾ ಜಿನಾದ ಮ್ಯಾಲೇ ನಿಂತಿದ್ದೆ. ಅರಿಶಿಣ ಕಣ್ಣಾಗ ಹೋಗ್ತದ ಅಂದೆ.

ದಲಾಲ ದತ್ತಾತ್ರಿಗಿ ಕೀಲಿ ಕೊಟ್ಟು ಬಂದೆ. ಮೇ ತಿಂಗಳದಾಗ ಅಂವಾ ಫೋನ ಮಾಡಿ, ಹೊಟ್ಟಿ ಹಿಡಿದು ನಕ್ಕೋತ ಹೇಳಿದ. "ಕಾಕಾ, ಒಬ್ಬಾಕಿ ಬಾಯಿ ಬಂದಿದ್ದಳ್ರೀ, ಮಗಳ ಜೋಡಿ. ಎಲ್ಲಾ ಪಸಂದ ಬಿತ್ತು. ನಲ್ಲಿ ತಿರುವಿ ಬೊಗಸಿಲೆ ನೀರು ಕುಡಿದಳು. ಕಿಟಕಿ ತೆಗೆದು ಗಾಳಿಗಿ ನಿಂತಳು. ಬೀಸೋಕಲ್ಲು ಇಲ್ಲಿ ಇಡಾಮು ಅಂತ ಮಗಳಿಗಿ ಹೇಳಿದಳು. ಆಮ್ಯಾಲ ಮಾಲಕರು ಯಾರು ಅಂದಳು. ಯೆಣೆಗೂರಿನ ಅಮೃತಪ್ಪ ಕಾಕಾ ಅಂದೆ. ತೆಗೆದ ಕಿಟಕಿ ಮುಚ್ಚಿದಳು, ನಲ್ಲಿ ಮತ್ತೊಮ್ಮೆ ಗಟ್ಟಿ ತಿರುವಿದಳು. ಮನಿ ಛಲೋ ಅದ, ಮಾಲಕ ಛಲೋ ಇಲ್ಲ ಅಂದು ಇಳಿದು ಹೋದಳು ನೋಡ್ರಿ! ಬಾಡಿಗಿ ಎಷ್ಟಂತನೂ ಕೇಳಲಿಲ್ಲ!"

ಆಕಿ ಹೆಸರೇನು ಅಂದೆ. ಚೀಟಿ ತೆಗೆದು ಓದಿದ. ಆಕಿ ನನ್ನ ತಂಗಿ ಅಂದೆ. ಆಮ್ಯಾಲ ಅಂವಾ ನಗಲಿಲ್ಲ.

ಮರುದಿನ ಮೊದಲನೇ ಬಸ್ಸಿಗಿ ಉದಗೀರಕ್ಕ ಹೋದೆ. ನಿನ್ನ ಖೋಲಿತನಕ ಬರೋ ಧೈರ್ಯ ಆಗಲಿಲ್ಲ, ಫ್ಲ್ಯಾಟಿನಾಗ ಕುಂತು ಹೊಳ್ಳಿ ಬಂದೆ. ಒಂಬತ್ತು ಪಂಚಮಿ ಆದವು ನೀ ತವರಿಗಿ ಬಂದಿಲ್ಲ. ಒಂಬತ್ತು ವರ್ಷದಾಗ ನನ್ನ ಮನಿಯ ನೀರು ನಿನ್ನ ಬಾಯಿಗಿ ಹೋಗಿದ್ದು ಅದೊಂದೇ ಬೊಗಸಿ, ಅದೂ ಯಾರ ಮನಿ ಅಂತ ತಿಳೀದೆ. ನೀ ಮುಚ್ಚಿದ ಕಿಟಕಿ ನಾ ಇನ್ನೂ ತೆಗೆದಿಲ್ಲ.

ಅವತ್ತಿನಿಂದ ಮನಿ ಯಾರಿಗೂ ಕೊಟ್ಟಿಲ್ಲ. ಒಬ್ಬ ಕಂಡಕ್ಟರ ಬಂದ, ಸಿಗರೇಟ ಸೇದ್ತಾನ ಅಂದೆ. ಹೊಸಾದಾಗಿ ಮದಿವಿ ಆದವರು ಬಂದರು, ಜಗಳಾಡ್ತಾರ ಅಂದೆ. ಒಬ್ಬ ಮುದುಕ ಬಂದ, ಇಲ್ಲೇ ಸಾಯ್ತಾನ ಅಂದೆ. ಅಂವಾ ನನಕಿಂತ ಸಣ್ಣಂವ. ದತ್ತಾತ್ರಿ ಕೈ ಮುಗಿದ. "ಕಾಕಾ, ಬಾಡಿಗಿಗಿ ತಗೊಂಡೀರೋ, ಪೂಜಾಕ ಇಟ್ಟೀರೋ?" ನಿನ್ನ ವೈನಿ ಅಂತೂ ಉಣಲಾಕ ನೀಡುವಾಗೊಮ್ಮೆ, "ಬಾಡಿಗಿ ಬಂತೇನು? ಪಲ್ಯಾ ಅದರಾಗೇ ತರಸ್ರಿ" ಅಂತಾಳ. ಅನ್ನಲಿ.

ಶನಿವಾರ, ಮುಂಜಾನಿ

ನಿನ್ನೆ ಇಲ್ಲಿಗೇ ನಿಲ್ಲಿಸಿದೆ, ಕೈ ಸೋತಿತ್ತು. ಕುರಿ ಹತ್ತೇ ಉಳದಾವ, ಅವಕ್ಕ ನೀರು ಕುಡಿಸಿ ಬಂದು ಕುಂತೀನಿ.

ಗುರಮ್ಮ, ವಲಾಂಡಿ ಕಡಿ ನಾವು ಕುರಿ ಒಯ್ದಿದ್ದು ನೆನಪದೇನು? ನಿನಗ ಆರೋ ಏಳೋ. ಅಪ್ಪ ಮಂದಿ ಹೊಲದಾಗ ಹಟ್ಟಿ ಹಾಕ್ತಿದ್ದ. ಕುರಿ ಹಿಕ್ಕಿ ಬಿದ್ದು ಹೊಲ ತುಂಬ್ತಂದ್ರ ಹೊಲದವರು ಒಂದಿಷ್ಟು ಜ್ವಾಳ ಕೊಟ್ಟು ಎಬ್ಬಸ್ತಿದ್ದರು. ಮತ್ತೊಂದು ಹೊಲ. ಕಂಬಳಿ ಸುತ್ತಿಕೊಂಡು ನೀ ನನ್ನ ಹಿಂದಿಂದೇ ನಡೀತಿದ್ದಿ. "ಅಣ್ಣಾ, ಯಾರೂ ಎಬ್ಬಸಲಾರದ ಹೊಲ ನಮಗ ಯಾವಾಗ?" ಅಂತ ಕೇಳ್ತಿದ್ದಿ. ದೊಡ್ಡಂವ ಆದ ಮ್ಯಾಲ ತಗೋತೀನಿ ಅಂತಿದ್ದೆ. ಆ ತಿರುಗಾಟದಾಗೇ ನಿನಗ ಅಕ್ಷರ ಕಲಿಸಿದೆ, ಮಣ್ಣಾಗ ಕೋಲಿಲೆ. ನೀ ಸಾಲಿ ಮೆಟ್ಟಲಾ ಹತ್ತಲಿಲ್ಲ, ನನಗ ಬರ್ತಿದ್ದಷ್ಟು ನಿನಗೂ ಬಂತು.

ಅಪ್ಪ ಮುಂದ ಹೊಲ ತಗೊಂಡ. ಆ ಹೊಲದಾಗ ನಿನ್ನ ಪಾಲು ನಿನಗ ಬ್ಯಾಡ ಅಂತ ನಿನ್ನ ಕೈಲಿ ನಾ ಬರೆಸಿಕೊಂಡೆ, ಹಕ್ಕಸೋಡ ಕಾಗದ. ನಮ್ಮ ಕಡಿ ಯಾವ ಅಣ್ಣ ಬರೆಸಿಕೊಂಡಿಲ್ಲ? ಎಲ್ಲಾರೂ ಮಾಡ್ತಾರ, ಎಲ್ಲಾ ತಂಗೆರೂ ಸಹಿ ಹಾಕ್ತಾರ, ಪಂಚಮಿಗಿ ಬಂದು ಉಂಡಿ ತಿಂದು ಹೋಗ್ತಾರ. ಎರಡು ವರ್ಷಕ್ಕ ಆ ಹೊಲ ರಸ್ತಾದಾಗ ಹೋಗಿ ಸರಕಾರದ ರೊಕ್ಕ ಬಂತು. ನೀ ಮನಿತನಕ ಬಂದು ಬಾಗಲಾಗ ನಿಂತು, "ಅಣ್ಣಾ, ಕೇಳಿದ್ರ ನಾ ಇಲ್ಲ ಅಂತಿದ್ದೆನೇನು?" ಅಂದಿ. ಗಂಡ ಹೇಳಿ ಕಳಿಸ್ಯಾನೇನು ಅಂತ ನಾ ಒದರಿದೆ. ನೀ ನೀರೂ ಕುಡೀದೆ ಹೋದಿ. ನಿನ್ನ ಗಂಡ ತೀರಿಕೊಂಡಾಗ ನಾ ಬಂದು ಗಂಡಸರ ಗುಂಪಿನಾಗ ನಿಂತಿದ್ದೆ. ನೀ ನೋಡಿದಿ. ನೋಡಿ ಮಾರಿ ತಿರುವಿದಿ.

ಈಗ ಕೆಲಸದ ಮಾತು. ಫ್ಲ್ಯಾಟ ನಿನ್ನ ಹೆಸರಿಗಿ ಮಾಡ್ತೀನಿ. ಪುಕ್ಕಟ ಇರಂಗಿಲ್ಲ, ಬಾಡಿಗಿ ಕೊಟ್ಟು ಇರ್ತೀನಿ ಅಂತ ನಿನ್ನ ಬಾಯಿಗಿ ಬಂದಿರಬೇಕು. ಯಾರಿಗಿ ಕೊಡ್ತಿ? ಮಾಲಕಿ ನೀನೇ ಆಗ್ತಿ. ನಿನಗ ಇರೋದು ಬ್ಯಾಡ ಅನಿಸಿದ್ರ ಬಾಡಿಗಿಗಿ ಹಾಕು, ಕಂಡಕ್ಟರಗ ಕೊಡು, ಯಾರಿಗರೇ ಕೊಡು, ತಿಂಗಳಾ ಬಂದದ್ದು ನೀ ತಿನ್ನು. ನಲ್ಲಿ ಸೋರ್ತಿತ್ತು, ಹೊಸಾದು ಹಾಕಿಸೀನಿ. ಬಚ್ಚಲ ಗ್ವಾಡಿ ಬಿರಕಿನಾಗ ಅರಳಿ ಸಸಿ ಎದ್ದಿತ್ತು, ಬೇರು ಸಮೇತ ಕಿತ್ತೀನಿ. ಕಾಗದ ಮರಾಠಿಯಾಗೇ ಇರ್ತದ, ಅದಕ್ಕ ನಾ ಏನೂ ಮಾಡಲಾರೆ. ಸಾರಿಕಾ ಒಂದೊಂದು ಸಾಲು ಓದಿ ಕನ್ನಡದಾಗ ಹೇಳಲಿ. ನೀ ಹೂಂ ಅನ್ನೂತನಕ ರಜಿಸ್ಟ್ರಿ ಸಾಹೇಬ ಕಾಯ್ತಾನ. ಕಾಯಲಿಲ್ಲಂದ್ರ ನಾ ಕಾಯಿಸ್ತೀನಿ. ನಿನ್ನ ವೈನಿಗೂ ಹೇಳೀನಿ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ, "ಪಂಚಮಿಗಿ ಆಕಿ ಬರೋದಿದ್ರ ಅರಳು ಹುರೀಲೇನು?" ಅಂದಳು. ಜ್ವಾಳ ತಂದು ಇಟ್ಟಾಳ, ಇನ್ನೂ ಹುರದಿಲ್ಲ.

ನಿನ್ನ ಮಣಕಾಲು ನೆಟ್ಟಗ ಆಗಲಿ, ಸಾರಿಕಾಗ ಛಲೋ ಆಗಲಿ, ನಿಮ್ಮಿಬ್ಬರನ್ನೂ ಯಾರೂ ಎಬ್ಬಸದಿರಲಿ.

ನಿನ್ನ ಅಣ್ಣ
ಅಮೃತಪ್ಪ

ತಾ.ಕ. — ಮ್ಯಾಲ ಬರೆದದ್ದು ಓದಿ ನೋಡಿದೆ. ನೀ ಬರಿ ಅಂದದ್ದೊಂದು ಬಿಟ್ಟು ಎಲ್ಲಾ ಬರೆದೀನಿ. ಎಲ್ಲಾರೂ ಮಾಡ್ತಾರ ಅಂತನೂ ಬರೆದೀನಿ. ನಾ ಮಾಡಿದ್ದು ಎಲ್ಲಾರೂ ಮಾಡೂದಿಲ್ಲ. ಬರೀತೀನಿ.

ಅವತ್ತು ರಜಿಸ್ಟ್ರಿ ಆಫೀಸದ ಬೇವಿನ ಗಿಡದ ಕೆಳಗ ಮರಾಠಿ ಕಾಗದ ನಿನ್ನ ಮುಂದ ಹಿಡಿದೆ. "ಇದು ನನಗ ಓದಲಾಕ ಬರಂಗಿಲ್ಲ, ಏನದ ಅಣ್ಣಾ ಇದರಾಗ?" ಅಂದಿ. ಬೋರು ಹೊಡಸಲಾಕ ಸರಕಾರ ರೊಕ್ಕ ಕೊಡ್ತದ, ಅದರ ಕಾಗದ ಅಂದೆ. ನಿನಗ ಯಾಕೋ ಅನುಮಾನ ಬಂತು. ಸೆರಗಿನ ಗಂಟು ಬಿಚ್ಚಿ ಬೀರಪ್ಪನ ಭಂಡಾರ ಅಂಗೈಯಾಗ ಹಿಡಿದಿ. "ಇದನ್ನ ಮುಟ್ಟಿ ಹೇಳು, ಸಾಕು" ಅಂದಿ. ನಾ ಮುಟ್ಟಿದೆ. ಹಣಿಗೂ ಹಚ್ಚಿಕೊಂಡೆ. ಬೋರಿಂದೇ ಅಂದೆ. ನೀ ನಕ್ಕಿ. ನಾಲಿಗಿ ಹಲ್ಲಾಗ ಹಿಡಕೊಂಡು, ಸಣ್ಣಾಕಿ ಇದ್ದಾಗ ಮಣ್ಣಾಗ ಬರೀತಿದ್ದಿಯಲ್ಲ ಹಂಗೇ, ಸಾವಕಾಶ ನಿನ್ನ ಹೆಸರು ಕನ್ನಡದಾಗ ಬರೆದಿ. ಬರೆದು, ಗಂಟು ಕಟ್ಟಿ ತಂದ ಉಂಡಿ ನನಗ ತಿನ್ನಲಾಕ ಕೊಟ್ಟಿ. ತಿಂದೆ.

ದೇವರ ಭಂಡಾರ ಮುಟ್ಟಿ ತಂಗಿಗಿ ಸುಳ್ಳ ಹೇಳಿದಂವ ನಾ. ಹನ್ನೊಂದು ವರ್ಷ ಆಯ್ತು, ಗುಡಿಯಾಗ ಭಂಡಾರ ಹಾರಿಸುವಾಗ ಹೊರಗ ಬಂದು ನಿಂದರ್ತೀನಿ. ಮಂದಿ ಕಣ್ಣಿನ ಬ್ಯಾನಿ ಅಂತ ತಿಳಕೊಂಡಾರ. ಇದು ನಿನ್ನ ವೈನಿಗಿ ಗೊತ್ತಿಲ್ಲ, ಮಗಗ ಗೊತ್ತಿಲ್ಲ. ನಿನಗ ಮತ್ತ ಬೀರಪ್ಪಗ ಗೊತ್ತದ. ಮಾಫ ಮಾಡು ಅಂತ ಕೇಳಂಗಿಲ್ಲ. ನೀ ಅಂದದ್ದು ಖರೆ ಅದ, ಮಾಲಕ ಛಲೋ ಇಲ್ಲ. ಅದಕ್ಕೇ ಮಾಲಕನ್ನ ಬದಲ ಮಾಡು ಅಂತೀನಿ.

ಪಂಚಮಿ ೨೯ಕ್ಕ ಅದ. ೨೬ನೇ ತಾರೀಖು ಶನಿವಾರದೊಳಗ ಜವಾಬು ನನ್ನ ಕೈ ಸೇರಬೇಕು. ಫೋನ ಬ್ಯಾಡ, ಸಾರಿಕಾ ಬರೆದದ್ದೂ ಬ್ಯಾಡ. ಬರ್ತೀನಿ ಅನ್ನು, ಬರಂಗಿಲ್ಲ ಅನ್ನು, ನಿನ್ನ ಕೈಲೇ ಬರಿ. ೨೬.